ಸಭಾ ಚರಿತ್ರೆಯ ತರಗತಿಯಲ್ಲಿ ಗುಲಾಬಿ

ಮಂಗಳೂರಿನ ಮಳೆಗೂ ಗುಲಾಬಿಗೂ ಆಗಿಬರುವುದಿಲ್ಲ. ಆಟಿ ತಿಂಗಳು ಕಳೆಯುವಷ್ಟರಲ್ಲಿ ಎಲೆಗಳಿಗೆ ಕಪ್ಪು ಚುಕ್ಕಿ ಬಿದ್ದು ಗಿಡ ಬೋಳಾಗಿರುತ್ತದೆ. ಆದರೂ ನಮಗೆ ಸಭಾ ಚರಿತ್ರೆ, ಅಂದರೆ ಕ್ರೈಸ್ತ ಸಭೆಯ ಚರಿತ್ರೆ, ಕಲಿಸುತ್ತಿದ್ದ ಪಾದ್ರಿ ಅಯ್ಯನವರು ಮನೆಯ ಜಗಲಿಯ ಮೇಲೆ ಕುಂಡಗಳನ್ನು ಸಾಲಾಗಿ ಇಟ್ಟು ವರ್ಷವರ್ಷವೂ ಹಟ ಹಿಡಿಯುತ್ತಿದ್ದರು. ಆ ಹಟ ಪಾಠದೊಳಕ್ಕೂ ನುಗ್ಗಿತ್ತು. ಎರಡು ಸಾವಿರ ವರ್ಷಗಳ ಚರಿತ್ರೆಯಲ್ಲಿ ಎಲ್ಲಿ ಕೈಹಾಕಿದರೂ ಅವರಿಗೆ ಒಂದು ಗುಲಾಬಿ ಸಿಗುತ್ತಿತ್ತು.

ಆದಿಸಭೆಯ ಹಿರಿಯರಿಗೆ ಹೂವೆಂದರೆ ಅಷ್ಟಕ್ಕಷ್ಟೇ ಎಂಬುದು ನಮಗೆ ಗೊತ್ತೇ ಇರಲಿಲ್ಲ. ರೋಮನ್ನರ ಔತಣಗಳಲ್ಲಿ ಕುಡಿದು ಕುಳಿತವರ ತಲೆಯ ಮೇಲೆ ಗುಲಾಬಿ ದಂಡೆ ಇರುತ್ತಿತ್ತು. ಅವರ ದೇವತೆಗಳ ವಿಗ್ರಹಗಳಿಗೂ ಹೂವಿನ ಅಲಂಕಾರ. ಕರ್ತನಾದ ಯೇಸುವಿಗೆ ತೊಡಿಸಿದ್ದು ಮುಳ್ಳಿನ ಕಿರೀಟವಾಗಿರುವಾಗ ಅವನ ಶಿಷ್ಯರಿಗೆ ಹೂವಿನದು ಸಲ್ಲದು ಎಂದು ಅಲೆಕ್ಸಾಂಡ್ರಿಯದ ಕ್ಲೆಮೆಂಟ್ ವಾದಿಸಿದ, ಕಾರ್ತೇಜಿನ ತೆರ್ತುಲ್ಲಿಯನ್ ಇನ್ನಷ್ಟು ಕಟುವಾಗಿ ಬರೆದ. ಶಂಕರಪುರದ ಮಲ್ಲಿಗೆ ಮುಡಿದು ಬರುತ್ತಿದ್ದ ಸಹಪಾಠಿಯೊಬ್ಬಳು, “ಹಾಗಾದರೆ ನಾನು ಹೊರಗೆ ಹೋಗಲೇ ಅಯ್ಯನವರೇ?” ಎಂದಳು. “ತೆರ್ತುಲ್ಲಿಯನ್ ಬಂದರೆ ಹೋಗುವಿಯಂತೆ, ಈಗ ಕುಳಿತುಕೋ ಅಮ್ಮ” ಎಂದರು.

ನಾಲ್ಕನೆಯ ಶತಮಾನಕ್ಕೆ ಬರುವಾಗ ಗಾಳಿ ತಿರುಗಿತ್ತು. ಆದಾಮ ಹವ್ವರಿದ್ದ ಏದೆನ್ ತೋಟದ ಗುಲಾಬಿಗೆ ಮುಳ್ಳೇ ಇರಲಿಲ್ಲ, ಮನುಷ್ಯ ಪಾಪಕ್ಕೆ ಬಿದ್ದ ಮೇಲೆ ಬಂತು ಎಂದು ಮಿಲಾನಿನ ಬಿಷಪ್ ಅಂಬ್ರೋಸ್ ಬರೆದ. ಮಧ್ಯಯುಗದಲ್ಲಿ ಯೇಸುವಿನ ತಾಯಿ ಮರಿಯಳೇ ಮುಳ್ಳಿಲ್ಲದ ಗುಲಾಬಿಯಾದಳು. ಜಪಮಾಲೆಗೆ ರೊಸಾರಿ ಎಂಬ ಹೆಸರು ಬಂದದ್ದೂ ಈ ಹೂವಿನಿಂದಲೇ. 1571ರಲ್ಲಿ ತುರ್ಕರ ವಿರುದ್ಧ ನಡೆದ ಲೆಪಾಂಟೊ ನೌಕಾಯುದ್ಧದ ಗೆಲುವನ್ನು ಐದನೆಯ ಪಯಸ್ ಪೋಪ್ ಜಪಮಾಲೆಯ ಪ್ರಾರ್ಥನೆಗೇ ಒಪ್ಪಿಸಿದರು. ಅದಕ್ಕೆ ಮೂರು ವರ್ಷ ಮೊದಲೇ, 1568ರಲ್ಲಿ, ಪೋರ್ಚುಗೀಸರು ನಮ್ಮ ಊರಿನಲ್ಲಿ ರೊಸಾರಿಯೊ ಇಗರ್ಜಿ ಕಟ್ಟಿಸಿದ್ದರು. ಜಪಮಾಲೆ ಮುಟ್ಟದ ಪ್ರಾಟೆಸ್ಟೆಂಟರಾದ ನಾವು ದಿನವೂ ಬಸ್ಸಿನಲ್ಲಿ ಆ ದಾರಿಯಾಗಿ ಓಡಾಡುತ್ತಿದ್ದೆವು.

ಪ್ರಾಟೆಸ್ಟೆಂಟ್ ಸುಧಾರಣೆಗೆ ನಾಂದಿ ಹಾಡಿದ ಲೂಥರನ ಗುಲಾಬಿ ಮುದ್ರೆಯ ಪಾಠ ಮಾತ್ರ ಕಣ್ಣಿಗೆ ಕಟ್ಟಿದಂತಿದೆ. 1530ರ ಜುಲೈಯಲ್ಲಿ ಲೂಥರ್ ತನ್ನ ಗೆಳೆಯ ಸ್ಪೆಂಗ್ಲರನಿಗೆ ಪತ್ರ ಬರೆದು ಆ ಮುದ್ರೆಯ ಅರ್ಥವನ್ನು ಬಿಡಿಸಿ ಹೇಳಿದ್ದ. ಅಯ್ಯನವರು ಬಣ್ಣದ ಸೀಮೆಸುಣ್ಣ ತಂದಿದ್ದರು. ಹೊರಗೆ ಹಳದಿಯಲ್ಲಿ ಚಿನ್ನದ ಉಂಗುರ, ಅದು ನಿತ್ಯತ್ವ. ಒಳಗೆ ಆಕಾಶದ ನೀಲಿ. ಅದರಲ್ಲಿ ಬಿಳಿ ಗುಲಾಬಿ, ನಂಬಿಕೆ ಕೊಡುವ ಸಂತೋಷ ಮತ್ತು ಸಮಾಧಾನ. ನಡುವೆ ಕೆಂಪು ಹೃದಯ. ಹೃದಯದೊಳಗಿನ ಶಿಲುಬೆ ಕಪ್ಪು. ಕಪ್ಪು ಸೀಮೆಸುಣ್ಣ ಎಲ್ಲಿಂದ ಬರಬೇಕು? ಅವರು ಕೆಂಪನ್ನು ತುಂಬುವಾಗ ಶಿಲುಬೆಯಷ್ಟು ಜಾಗವನ್ನು ಖಾಲಿ ಬಿಟ್ಟರು. ಹಲಗೆಯ ಕಪ್ಪೇ ಶಿಲುಬೆಯಾಯಿತು. ಮುದ್ರೆಯ ವ್ಯಾಖ್ಯಾನಕ್ಕಿಂತ ಆ ಉಪಾಯವೇ ನನಗೆ ಹೆಚ್ಚು ಹಿಡಿಸಿತ್ತು.

ಪಠ್ಯದಲ್ಲಿ ಇಲ್ಲದ ಪಾದ್ರಿಗಳೂ ಬರುತ್ತಿದ್ದರು. ‘ಪೆನೆಲೊಪೆ’ಯಂಥ ಗುಲಾಬಿ ತಳಿಗಳನ್ನು ಬೆಳೆಸಿದ ಇಂಗ್ಲೆಂಡಿನ ಜೋಸೆಫ್ ಪೆಂಬರ್ಟನ್ ಒಬ್ಬರು. ಅಯ್ಯನವರ ಅಚ್ಚುಮೆಚ್ಚು ಸಾಮ್ಯುಯೆಲ್ ರೆನಾಲ್ಡ್ಸ್ ಹೋಲ್. 1858ರಲ್ಲಿ ಲಂಡನ್ನಿನಲ್ಲಿ ಮೊದಲ ರಾಷ್ಟ್ರೀಯ ಗುಲಾಬಿ ಪ್ರದರ್ಶನ ನಡೆಸಿದವರು, ಮುಂದೆ ರಾಚೆಸ್ಟರಿನ ಡೀನ್, ಅಂದರೆ ಅಲ್ಲಿನ ಪ್ರಧಾನ ಇಗರ್ಜಿಯ ಮುಖ್ಯ ಪಾದ್ರಿ, ಆದವರು. ಆದರೆ ಅವರು ಮನಸೋತದ್ದು ನಾಟಿಂಗ್‌ಹ್ಯಾಮಿನ ಕೂಲಿಕಾರರ ಗುಲಾಬಿಗಳಿಗೆ. ಅಂಗೈಯಗಲದ ಜಾಗ, ಪುಟ್ಟ ಗಾಜಿನ ಮನೆ. ಹಿಮ ಸುರಿಯುವ ರಾತ್ರಿ ತಮ್ಮ ಹಾಸಿಗೆಯ ಕಂಬಳಿಯನ್ನೇ ತೆಗೆದು ಗಿಡಗಳಿಗೆ ಹೊದಿಸುತ್ತಿದ್ದರಂತೆ. ಇಷ್ಟು ದುಬಾರಿ ತಳಿಗಳಿಗೆ ದುಡ್ಡೆಲ್ಲಿಂದ ಎಂದು ಕೇಳಿದರೆ, ಹೆಂಡದಂಗಡಿಯ ಕಡೆ ತಲೆಹಾಕದೆ ಉಳಿಸಿದ್ದು ಎಂಬ ಉತ್ತರ ಬಂತು.

ಅಯ್ಯನವರು ಈ ಉತ್ತರವನ್ನು ಮದ್ಯಪಾನದ ವಿರುದ್ಧದ ಪ್ರಸಂಗಗಳಲ್ಲಿ ಧಾರಾಳವಾಗಿ ಬಳಸುತ್ತಿದ್ದರು. ನನಗೆ ಕಂಬಳಿಯ ಕಥೆಯೇ ದೊಡ್ಡದು. ಆ ಚಳಿಯಲ್ಲಿ ಹೆಂಡತಿ ಏನೂ ಅನ್ನಲಿಲ್ಲವೇ ಎಂದು ಒಮ್ಮೆ ಕೇಳಿಯೇಬಿಟ್ಟೆ. “ಮದುವೆಯಾಗಲಿ, ನಿನಗೇ ತಿಳಿಯುತ್ತದೆ” ಎಂದು ಹೇಳಿ ಹಾಜರಿ ಪುಸ್ತಕ ಎತ್ತಿಕೊಂಡು ಹೊರಟರು.