ಹೃದಯದ ಆಪರೇಷನ್ ಆಯ್ತು, ಇನ್ನು ಮಿದುಳಿನ ಕಡೆ ನೋಡೋಣ

"ಮೇಡಂ, ಆಪರೇಷನ್ ಚೆನ್ನಾಗಿ ಆಗಿದೆ ಅಂದ್ರು. ಹೃದಯದ ಎಕೋ ಸ್ಕ್ಯಾನಲ್ಲೂ ಎಲ್ಲಾ ಸರಿ ಇದೆಯಂತೆ. ಮತ್ಯಾಕೆ ಇವನಿಗೆ ಇನ್ನೂ ಕತ್ತು ನಿಂತಿಲ್ಲ?"

ದಾವಣಗೆರೆ ಸೀಮೆಯಲ್ಲಿ ಮಕ್ಕಳ ಫಿಸಿಯೋಥೆರಪಿ ಮಾಡುವ ನನಗೆ ಈ ಪ್ರಶ್ನೆ ಪರಿಚಯದ್ದು. ಕೇಳುವವರು ಬಹುತೇಕ ತಾಯಂದಿರು. ಸಾಲ ಮಾಡಿಯೋ, ಸರ್ಕಾರದ ಕಾರ್ಡಿನ ಮೇಲೆಯೋ ಬೆಂಗಳೂರಿಗೆ ಹೋಗಿ, ಐಸಿಯು ಬಾಗಿಲ ಹೊರಗೆ ಕೂತು, ಮಗುವನ್ನು ಉಳಿಸಿಕೊಂಡು ಬಂದವರು. ಇಷ್ಟೆಲ್ಲಾ ಆದ ಮೇಲೆ ಇನ್ನೊಂದು ತೊಂದರೆ ಇದೆ ಅಂತ ಹೇಳೋದು ಕಷ್ಟ. ಆದರೂ ಹೇಳಲೇಬೇಕು. ಹೃದಯದ ದೋಷದ ಜೊತೆ ಹುಟ್ಟಿದ ಮಗುವಿನಲ್ಲಿ ನಾವು ನೋಡಿಕೊಳ್ಳಬೇಕಾದದ್ದು ಹೃದಯ ಒಂದೇ ಅಲ್ಲ, ಮಿದುಳನ್ನೂ ನೋಡಿಕೊಳ್ಳಬೇಕು.

ಮೊದಲೇ ಒಂದು ಮಾತು. ನೂರು ಮಕ್ಕಳಲ್ಲಿ ಸುಮಾರು ಒಂದು ಮಗು ಹೃದಯದ ಏನೋ ಒಂದು ದೋಷದೊಂದಿಗೆ ಹುಟ್ಟುತ್ತದೆ. ಅದರಲ್ಲಿ ಎಷ್ಟೋ ಸಣ್ಣ ತೂತುಗಳು ತಾವಾಗಿಯೇ ಮುಚ್ಚಿಕೊಳ್ಳುತ್ತವೆ. ಅಂಥ ಮಕ್ಕಳ ಬಗ್ಗೆ ನಾನು ಹೇಳುತ್ತಿಲ್ಲ, ಅವರ ಮನೆಯವರು ಗಾಬರಿಯಾಗಬೇಡಿ. ಹುಟ್ಟಿದ ಕೆಲವೇ ವಾರಗಳಲ್ಲಿ ಎದೆ ತೆರೆದು ಆಪರೇಷನ್ ಮಾಡಿಸಿಕೊಂಡ ಮಕ್ಕಳು, ಮೈ ನೀಲಿಯಾಗುತ್ತಿದ್ದ ಮಕ್ಕಳು, ಆಸ್ಪತ್ರೆಯಲ್ಲಿ ತುಂಬಾ ದಿನ ಇದ್ದ ಮಕ್ಕಳು, ಇವರ ವಿಷಯ ಇದು.

ಎಲ್ಲಾ ಶುರುವಾಗುವುದು ಹೊಟ್ಟೆಯೊಳಗೆ. ಅಲ್ಲಿರುವಾಗ ಮಗು ತನ್ನ ಶ್ವಾಸಕೋಶದಿಂದ ಉಸಿರಾಡುವುದಿಲ್ಲ. ಆಮ್ಲಜನಕ ತುಂಬಿದ ರಕ್ತ ಮಾಸಿನಿಂದ ಹೊಕ್ಕುಳಬಳ್ಳಿ ಮೂಲಕ ಬರುತ್ತದೆ. ಅದರ ಒಳ್ಳೆಯ ಪಾಲು ಹೃದಯದ ಬಲಗಡೆಯ ಮೇಲಿನ ಕೋಣೆಗೆ ಬಂದು, ನಡುಗೋಡೆಯಲ್ಲಿರುವ ಪುಟ್ಟ ಕಿಂಡಿಯಿಂದ ಎಡಗಡೆಗೆ ದಾಟುತ್ತದೆ. ಅಲ್ಲಿಂದ ಮಹಾಪಧಮನಿಗೆ, ಅಂದರೆ ದೇಹಕ್ಕೆಲ್ಲಾ ರಕ್ತ ಒಯ್ಯುವ ದೊಡ್ಡ ನಾಳಕ್ಕೆ. ಮಹಾಪಧಮನಿಯ ಮೊದಮೊದಲ ಕವಲುಗಳು ಹೋಗುವುದೇ ಹೃದಯದ ಸ್ನಾಯುವಿಗೆ, ಆಮೇಲೆ ತಲೆಗೆ. ಅಂದರೆ ಇರುವುದರಲ್ಲಿ ಒಳ್ಳೆಯ ರಕ್ತ ಮಿದುಳಿಗೆ ಸಿಗುವ ಹಾಗೆ ದೇಹವೇ ದಾರಿ ಮಾಡಿಕೊಂಡಿದೆ. ಈ ವ್ಯವಸ್ಥೆ ಓದಿದಾಗೆಲ್ಲಾ ನನಗೆ ಆಶ್ಚರ್ಯ ಆಗುತ್ತದೆ.

ಈಗ ಟ್ರಾನ್ಸ್‌ಪೊಸಿಷನ್ ಅನ್ನುವ ದೋಷ ನೋಡಿ. ಹೃದಯದಿಂದ ಹೊರಡುವ ಎರಡು ದೊಡ್ಡ ರಕ್ತನಾಳಗಳು, ಅಂದರೆ ಮಹಾಪಧಮನಿ ಮತ್ತು ಶ್ವಾಸಕೋಶಕ್ಕೆ ಹೋಗುವ ನಾಳ, ಅದಲುಬದಲಾಗಿರುತ್ತವೆ. ದಾರಿಯೆಲ್ಲಾ ಹಾಗೇ ಇದೆ, ಆದರೆ ಎಡಗಡೆ ಸೇರಿದ ಒಳ್ಳೆಯ ರಕ್ತ ಈಗ ಶ್ವಾಸಕೋಶದ ಮತ್ತು ದೇಹದ ಕೆಳಭಾಗದ ಕಡೆ ಹೋಗುತ್ತದೆ. ತಲೆಗೆ ಸಿಗುವುದು ಆಮ್ಲಜನಕ ಕಮ್ಮಿ ಇರುವ ರಕ್ತ. ಇನ್ನು ಕೆಲವು ಮಕ್ಕಳಲ್ಲಿ ಹೃದಯದ ಎಡಭಾಗವೇ ಸರಿಯಾಗಿ ಬೆಳೆದಿರುವುದಿಲ್ಲ. ಅಂಥವರಲ್ಲಿ ಎಷ್ಟೋ ಸಲ ರಕ್ತ ಹಿಮ್ಮುಖವಾಗಿ ಹರಿದು ತಲೆ ಮುಟ್ಟಬೇಕು. ಇದು ನಡೆಯುವುದು ಗರ್ಭದ ಕೊನೆಯ ಮೂರು ತಿಂಗಳಲ್ಲೂ ಹೌದು. ಮಿದುಳು ಭರದಿಂದ ಬೆಳೆಯುವ, ಅದರ ಮೇಲೆ ಮಡಿಕೆಗಳು ಮೂಡುವ ಕಾಲ ಅದೇ.

ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ಕಡೆಯ ವೈದ್ಯರು 2007ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ದಿನ ತುಂಬಿ ಹುಟ್ಟಿದ, ಹೃದಯ ದೋಷ ಇದ್ದ 41 ಶಿಶುಗಳ ಮಿದುಳಿನ ಎಂಆರ್‌ಐ ಮಾಡಿದ್ದರು, ಅದೂ ಆಪರೇಷನ್‌ಗೆ ಮೊದಲು. 13 ಮಕ್ಕಳ ಮಿದುಳಿನ ಬಿಳಿ ಭಾಗದಲ್ಲಿ ಆಗಲೇ ಪೆಟ್ಟಿನ ಗುರುತಿತ್ತು. ಹೋಲಿಕೆಗೆ ತೆಗೆದುಕೊಂಡ ಆರೋಗ್ಯವಂತ ಶಿಶುಗಳಲ್ಲಿ ಒಬ್ಬರಲ್ಲೂ ಇರಲಿಲ್ಲ. 2009ರಲ್ಲಿ ಫಿಲಡೆಲ್ಫಿಯಾದ ತಂಡ ಇನ್ನೊಂದು ವಿಷಯ ತೋರಿಸಿತು. ಗಂಭೀರ ದೋಷ ಇರುವ ಮಕ್ಕಳು ಒಂಬತ್ತು ತಿಂಗಳು ತುಂಬಿ ಹುಟ್ಟಿದ್ದರೂ ಅವರ ಮಿದುಳು ಸುಮಾರು ಒಂದು ತಿಂಗಳಷ್ಟು ಹಿಂದೆ ಇತ್ತು. ಬಿಳಿ ಭಾಗ ಅಂದರೆ ನರಗಳ ಉದ್ದನೆಯ ಎಳೆಗಳು. ಕರೆಂಟ್ ವೈರಿಗೆ ಪ್ಲಾಸ್ಟಿಕ್ ಹೊದಿಕೆ ಇರುವ ಹಾಗೆ ಆ ಎಳೆಗಳಿಗೂ ಒಂದು ಹೊದಿಕೆ ಬೆಳೆಯಬೇಕು. ಅದನ್ನು ಕಟ್ಟುವ ಜೀವಕೋಶಗಳು ಇನ್ನೂ ಎಳೆಯವಾಗಿರುವಾಗ ಆಮ್ಲಜನಕದ ಕೊರತೆಯನ್ನು ತಾಳಿಕೊಳ್ಳಲಾರವು. ದಿನ ತುಂಬದೆ ಹುಟ್ಟಿದ ಮಕ್ಕಳಲ್ಲಿ ಕಾಣುವ ಪೆಟ್ಟು ಈ ಮಕ್ಕಳಲ್ಲೂ ಕಾಣುವುದು ಅದಕ್ಕೇ.

ಈ ಭಾಗವನ್ನು ನಾನು ತಾಯಂದಿರಿಗೆ ಬಿಡಿಸಿ ಹೇಳುವುದಕ್ಕೆ ಒಂದು ಕಾರಣ ಇದೆ. "ಎಷ್ಟು ಹೇಳಿದ್ರೂ ಕೇಳ್ಲಿಲ್ಲ ನೋಡ್ರಿ, ಗ್ರಹಣದ ದಿನ ಹೊರಗೆ ಬಂದ್ಲು" ಅಂತ ಮಗುವಿನ ಎದುರಿಗೇ, ಸೊಸೆಯ ಎದುರಿಗೇ ಹೇಳುವ ಅತ್ತೆಯರು ಇದ್ದಾರೆ. ಪಪ್ಪಾಯಿ ತಿಂದಳು, ಸ್ಕೂಟರಲ್ಲಿ ಓಡಾಡಿದಳು, ಮೆಟ್ಟಿಲು ಹತ್ತಿದಳು. ಯಾವುದೂ ಅಲ್ಲ. ಬಸುರಿಯ ಮೊದಲ ಎರಡು ತಿಂಗಳಲ್ಲೇ ಹೃದಯದ ಆಕಾರ ಬಹುತೇಕ ತಯಾರಾಗುತ್ತದೆ, ಎಷ್ಟೋ ಹೆಂಗಸರಿಗೆ ಆಗಿನ್ನೂ ತಾವು ಬಸುರಿ ಅಂತ ಗೊತ್ತಾಗುತ್ತಿರುತ್ತದೆ ಅಷ್ಟೇ. ಹತೋಟಿಯಲ್ಲಿಲ್ಲದ ಸಕ್ಕರೆ ಕಾಯಿಲೆ, ರುಬೆಲ್ಲಾ ಸೋಂಕು, ಕೆಲವು ಔಷಧಿಗಳು, ವಂಶವಾಹಿಯ ತೊಂದರೆಗಳು ಕಾರಣ ಆಗಬಹುದು, ನಿಜ. ಆದರೆ ಹೆಚ್ಚಿನ ಮಕ್ಕಳಲ್ಲಿ ಇಂಥದ್ದೇ ಕಾರಣ ಅಂತ ಬೆರಳು ಮಾಡಿ ತೋರಿಸಲು ಆಗುವುದಿಲ್ಲ. ತಾಯಿಯ ಕಡೆಗಂತೂ ತೋರಿಸಲೇಬಾರದು.

ಇನ್ನು ಆಪರೇಷನ್ ಆದ ಮೇಲಿನ ಕಥೆ. ಹರಿಹರದ ಕಡೆಯಿಂದ ಒಂದು ಹೆಣ್ಣು ಮಗುವನ್ನು ಕರೆತಂದಿದ್ದರು. ಟ್ರಾನ್ಸ್‌ಪೊಸಿಷನ್, ಆಪರೇಷನ್ ಆಗಿತ್ತು. ಐದು ತಿಂಗಳಾಗಿದ್ದರೂ ತಲೆ ಒಂದು ಕಡೆ ವಾಲುತ್ತಿತ್ತು. ಹಿಂದಲೆ ಚಪ್ಪಟೆಯಾಗಿ, ಅಲ್ಲಿನ ಕೂದಲು ಸವೆದುಹೋಗಿತ್ತು. ನೋಡಿದ ಕೂಡಲೇ ಗೊತ್ತಾಯಿತು, ಮಗುವನ್ನು ಒಂದು ದಿನವೂ ಬೋರಲು ಮಲಗಿಸಿಲ್ಲ. ಎದೆ ಮಧ್ಯೆ ಅಷ್ಟುದ್ದ ಗಾಯ, ಯಾರಿಗೆ ಧೈರ್ಯ ಬರುತ್ತದೆ ಹೇಳಿ? ಎದೆಮೂಳೆ ಕೂಡಿಕೊಳ್ಳುವ ತನಕ ಕಂಕುಳಲ್ಲಿ ಕೈ ಹಾಕಿ ಎತ್ತಬೇಡಿ, ತಲೆ ಮತ್ತು ಕುಂಡೆಯ ಕೆಳಗೆ ಕೈ ಕೊಟ್ಟು ಎತ್ತಿ ಅಂತ ಆಸ್ಪತ್ರೆಯಲ್ಲಿ ಹೇಳಿರುತ್ತಾರೆ, ಅದು ಸರಿಯೇ. ಯಾವಾಗಿಂದ ಬೋರಲು ಮಲಗಿಸಬಹುದು ಅನ್ನುವುದನ್ನು ಮಾತ್ರ ಎಷ್ಟೋ ಕಡೆ ಹೇಳಿರುವುದಿಲ್ಲ. ನೀವೇ ಸರ್ಜನ್‌ರನ್ನು ಕೇಳಿ ತಿಳಿದುಕೊಳ್ಳಿ. ಕತ್ತು, ಭುಜ, ಬೆನ್ನು ಗಟ್ಟಿಯಾಗುವುದೇ ಬೋರಲು ಮಲಗಿ ತಲೆ ಎತ್ತುವುದರಿಂದ.

ಆ ಮಗುವನ್ನು ನೆಲದ ಮೇಲೆ ಬೋರಲು ಹಾಕಿದರೆ ಬಿಲ್ಲಿನ ಹಾಗೆ ಸೆಟೆದು ಅಳುತ್ತಿತ್ತು. ಅದಕ್ಕೆ ಮೊದಲು ತಾಯಿಯ ಎದೆ ಮೇಲೆ ಶುರು ಮಾಡಿದೆವು. ತಾಯಿ ದಿಂಬಿಗೆ ಒರಗಿ ಅರ್ಧ ಮಲಗಬೇಕು, ಮಗು ಅವಳ ಮೇಲೆ ಬೋರಲು, ಮುಖಕ್ಕೆ ಮುಖ. ತುಟಿಯ ಬಣ್ಣ ನೋಡುತ್ತಿರಬೇಕು, ಹಣೆ ಬೆವರಿದರೆ, ಉಸಿರು ಜೋರಾದರೆ ನಿಲ್ಲಿಸಬೇಕು. ಕೆಲವು ವಾರ ಕಳೆದ ಮೇಲೆ ಚಾಪೆಗೆ ಬಂದೆವು. ಟವೆಲ್ ಸುರುಳಿ ಸುತ್ತಿ ಕಂಕುಳ ಕೆಳಗೆ ಇಟ್ಟು, ಎದುರಿಗೆ ಊಟದ ಸ್ಟೀಲ್ ತಟ್ಟೆ ನಿಲ್ಲಿಸಿದೆ. ಗಿಲಕಿಗೆ ಬಗ್ಗದ ಮಗು ತಟ್ಟೆಯೊಳಗಿನ ಮುಖ ನೋಡಲು ತಲೆ ಎತ್ತಿತು. ನಡುಗುತ್ತಾ ಎತ್ತಿ ಹಿಡಿಯಿತು. "ನೋಡ್ತಾಳೆ ಕಣವ್ವಾ, ತನ್ನೇ ನೋಡ್ಕೋತಾಳೆ!" ಅಂತ ಅಜ್ಜಿ ಕೂಗಿದ್ದು ಪಕ್ಕದ ಕೋಣೆಗೂ ಕೇಳಿಸಿತ್ತು. ಮುಂದೆ ಮಗು ಬೋರಲು ಬಿದ್ದಾಗ ಮನೆಯಲ್ಲಿ ಕಡುಬು ಮಾಡಿ ನಮಗೂ ತಂದುಕೊಟ್ಟರು. ಉಳಿದ ಮಕ್ಕಳಿಗಿಂತ ತಡ, ಆದರೆ ಬಂತು.

ನಡೆದಾಡಿದ ಮೇಲೆ ಹೆಚ್ಚಿನವರು ಬರುವುದನ್ನು ಬಿಡುತ್ತಾರೆ. ನನಗೆ ಜಾಸ್ತಿ ಚಿಂತೆ ಅದೇ. ರಕ್ತನಾಳಗಳನ್ನು ಅದಲುಬದಲು ಮಾಡಿ ಸರಿಪಡಿಸುವ ಆಪರೇಷನ್ ಮೊದಲು ಯಶಸ್ವಿಯಾದದ್ದು 1975ರಲ್ಲಿ, ಬ್ರೆಜಿಲ್‌ನ ಸರ್ಜನ್ ಅಡಿಬ್ ಜಟೇನೆ ಅವರ ಕೈಯಲ್ಲಿ. 1988ರಿಂದ 1992ರ ನಡುವೆ ಬಾಸ್ಟನ್‌ನಲ್ಲಿ ಈ ಆಪರೇಷನ್ ಆದ 171 ಶಿಶುಗಳನ್ನು ಅಲ್ಲಿನ ವೈದ್ಯರು ಹದಿನಾರು ವರ್ಷ ವಯಸ್ಸಿನ ತನಕ ಹಿಂಬಾಲಿಸಿದರು. ಆಪರೇಷನ್ ಹೊತ್ತಿನಲ್ಲಿ ರಕ್ತ ಪರಿಚಲನೆಯನ್ನು ಪೂರ್ತಿ ನಿಲ್ಲಿಸುವುದು ಮೇಲೋ, ಯಂತ್ರದಿಂದ ಸಣ್ಣಗೆ ಹರಿಸುತ್ತಿರುವುದು ಮೇಲೋ ಅಂತ ನೋಡಲು ಶುರುವಾದ ಅಧ್ಯಯನ ಅದು. ಮೊದಲ ವರ್ಷಗಳಲ್ಲಿ ಕಂಡ ವ್ಯತ್ಯಾಸ ಹದಿಹರೆಯದ ಹೊತ್ತಿಗೆ ಬಹಳ ಮಟ್ಟಿಗೆ ಮಾಸಿತ್ತು. ಎರಡೂ ಗುಂಪಿನ ಮಕ್ಕಳಿಗೆ ಗಮನ ಇಡುವುದು, ಕೆಲಸ ಯೋಜಿಸುವುದು, ಓದು, ಲೆಕ್ಕ ಇವುಗಳಲ್ಲಿ ತೊಡಕಿತ್ತು. ನೂರಕ್ಕೆ 65ರಷ್ಟು ಮಕ್ಕಳು ಒಂದಲ್ಲ ಒಂದು ಹಂತದಲ್ಲಿ ಓದಿಗೋ ನಡವಳಿಕೆಗೋ ವಿಶೇಷ ಸಹಾಯ ಪಡೆದಿದ್ದರು. ಇವರಲ್ಲಿ ಹೆಚ್ಚಿನವರು ದಡ್ಡರೇನಲ್ಲ, ಬುದ್ಧಿಮಟ್ಟ ಸಾಮಾನ್ಯವಾಗಿಯೇ ಇತ್ತು.

ನಮ್ಮ ಕಡೆ ಅಂಥ ಹುಡುಗ ನಾಲ್ಕನೇ ಕ್ಲಾಸಿಗೆ ಬಂದಾಗ ಏನಾಗುತ್ತದೆ? ಬೋರ್ಡಿನಿಂದ ಬರೆದುಕೊಳ್ಳುವುದು ನಿಧಾನ, ಹೇಳಿದ ಮೂರು ಕೆಲಸದಲ್ಲಿ ಎರಡು ಮರೆಯುತ್ತಾನೆ. ಸೋಮಾರಿ ಅನ್ನುತ್ತಾರೆ. ಎದೆಯ ಗಾಯಕ್ಕೂ ಗಣಿತಕ್ಕೂ ಸಂಬಂಧ ಇರಬಹುದು ಅಂತ ಶಾಲೆಯಲ್ಲಿ ಯಾರಿಗೂ ಹೊಳೆಯುವುದಿಲ್ಲ, ಯಾಕೆಂದರೆ ಯಾರೂ ಹೇಳಿಲ್ಲ. ದಯವಿಟ್ಟು ಮೇಷ್ಟ್ರಿಗೆ ಹೇಳಿ. ಮುಂದಿನ ಬೆಂಚಿನಲ್ಲಿ ಕೂರಿಸಿ, ಬರೆಯಲು ಸ್ವಲ್ಪ ಜಾಸ್ತಿ ಹೊತ್ತು ಕೊಡಿ ಅಂತ ಕೇಳುವುದರಲ್ಲಿ ಸಂಕೋಚ ಬೇಡ.

ಅಮೆರಿಕದ ಹೃದಯ ಸಂಸ್ಥೆ 2012ರಲ್ಲೇ ಈ ಮಕ್ಕಳ ಬೆಳವಣಿಗೆಯನ್ನು ಒಂದರಿಂದ ಎರಡು ವರ್ಷದೊಳಗೆ, ಮೂರರಿಂದ ಐದರೊಳಗೆ, ಮತ್ತೆ ಹನ್ನೊಂದು ಹನ್ನೆರಡರಲ್ಲಿ ಪರೀಕ್ಷಿಸಿ ಅಂತ ಸಲಹೆ ಕೊಟ್ಟಿತು. ನಮ್ಮಲ್ಲೂ ದಾರಿ ಇದೆ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿಗೂ ಸರ್ಕಾರಿ ಶಾಲೆಗೂ ಬರುತ್ತವೆ. ಹೆಚ್ಚಿನ ತಪಾಸಣೆಗೆ ಜಿಲ್ಲಾ ಮಟ್ಟದ ಶೀಘ್ರ ಮಧ್ಯಸ್ಥಿಕೆ ಕೇಂದ್ರಗಳಿಗೆ, ಅಂದರೆ ಮಕ್ಕಳ ತೊಂದರೆಯನ್ನು ಬೇಗ ಗುರುತಿಸಿ ಚಿಕಿತ್ಸೆ ಶುರು ಮಾಡುವ ಕಡೆಗೆ, ಕಳಿಸುತ್ತಾರೆ. ಆಶಾ ಕಾರ್ಯಕರ್ತೆಯನ್ನು ಕೇಳಿದರೆ ಹೇಳುತ್ತಾರೆ. ಕಿವಿ ಪರೀಕ್ಷೆ ಮಾಡಿಸಿ. ರಕ್ತಹೀನತೆ ಇದೆಯಾ ನೋಡಿಸಿ, ನೀಲಿಯಾಗುವ ಮಕ್ಕಳಿಗೆ ಕಬ್ಬಿಣದ ಕೊರತೆ ಇನ್ನಷ್ಟು ಅಪಾಯ. ಮನೆಯಲ್ಲಿ ಮಗುವಿನ ಜೊತೆ ಮಾತಾಡಿ, ಅದು ಅಂದದ್ದಕ್ಕೆ ಉತ್ತರ ಕೊಡಿ. ಮೊಬೈಲು ಹಾಕಿ ಸುಮ್ನೆ ಕೂರಿಸಬೇಡಿ.

ಬರುವಾಗ ಡಿಸ್ಚಾರ್ಜ್ ಸಮ್ಮರಿ, ಎಕೋ ರಿಪೋರ್ಟು, ತಾಯಿ ಕಾರ್ಡು ತನ್ನಿ. ಅಜ್ಜಿಯನ್ನೂ ಕರೆದುಕೊಂಡು ಬನ್ನಿ. ಹಗಲೆಲ್ಲಾ ಮಗು ಇರುವುದು ಅವರ ಕೈಯಲ್ಲೇ, ವ್ಯಾಯಾಮ ಕಲಿಯಬೇಕಾದವರು ಅವರೂ ಹೌದು.