ಎಲ್ಡನ್ ರಿಂಗ್ ಶುರುವಿನಲ್ಲೇ ಸಾಯ್ತಾ ಇದ್ದೀನಿ, ಏನು ಮಾಡಲಿ?

ಮೈಸೂರಿನ ನಮ್ಮ ಬೀದಿಯ ಕಾಲೇಜು ಹುಡುಗರಿಂದ ಹಿಡಿದು ಮಂಡ್ಯದಲ್ಲಿರುವ ಚಿಕ್ಕಮ್ಮನ ಮಗನವರೆಗೆ ಎಲ್ಲರೂ ನನ್ನನ್ನು ಕೇಳುವುದು ಇದೊಂದೇ ಪ್ರಶ್ನೆ. "ಅಕ್ಕ, ಎಲ್ಡನ್ ರಿಂಗ್ ತಗೊಂಡೆ. ಹೊರಗೆ ಕಾಲಿಟ್ಟ ಕೂಡಲೇ ಆ ಚಿನ್ನದ ಕುದುರೆಯವನು ಹೊಡೆದು ಸಾಯಿಸ್ತಾನೆ ಕಣಕ್ಕ. ಆಟ ಬಿಟ್ಟುಬಿಡ್ಲಾ?"

ಆಟ ಬಿಡಬೇಡಿ. ಆ ಕುದುರೆಯವನನ್ನು ಬಿಟ್ಟು ಮುಂದೆ ಹೋಗಿ.

ನಾನು ಹೇಳಬೇಕಾದ್ದರಲ್ಲಿ ಮುಕ್ಕಾಲು ಪಾಲು ಇಷ್ಟೇ. ಜಪಾನಿನ ಫ್ರಮ್‌ಸಾಫ್ಟ್‌ವೇರ್ ಕಂಪನಿ ಮಾಡಿದ ಈ ವಿಡಿಯೋ ಗೇಮ್ 2022ರ ಫೆಬ್ರವರಿ 25ರಂದು ಬಂತು. ನಿರ್ದೇಶಕ ಹಿಡೆಟಾಕಾ ಮಿಯಾಜಾಕಿ. ಸೆಟ್ಟಿಂಗ್ಸ್‌ನಲ್ಲಿ ಈಸಿ ಮೋಡ್ ಹುಡುಕಿದರೆ ಸಿಗುವುದಿಲ್ಲ. ಆದರೆ ಯಾವ ಕಡೆ ಹೋಗಬೇಕು, ಯಾವಾಗ ಹೋಗಬೇಕು ಅನ್ನುವುದು ಪೂರ್ತಿ ನಿಮ್ಮ ಕೈಯಲ್ಲಿದೆ. ಕಷ್ಟ ಕಡಿಮೆ ಮಾಡಿಕೊಳ್ಳುವ ದಾರಿ ಅದೇ. ಮೈಸೂರಿನ ಗರಡಿಗಳಲ್ಲಿ ಹೊಸ ಹುಡುಗನನ್ನು ಬಂದ ದಿನವೇ ಹೆಸರಾಂತ ಪೈಲ್ವಾನನ ಎದುರು ನಿಲ್ಲಿಸುತ್ತಾರಾ? ಮಟ್ಟಿ ಅಗೆದು, ದಂಡ ಬಸ್ಕಿ ಹೊಡೆದು, ಮೈ ಗಟ್ಟಿಯಾದ ಮೇಲೆ ತಾನೇ ಜೋಡಿ ಕಟ್ಟುವುದು. ಇಲ್ಲೂ ಹಾಗೇ ಆಡಿ.

ಶುರುವಿನಿಂದ ಹೇಳುತ್ತೇನೆ. ಮೊಟ್ಟಮೊದಲು ಹಲವು ಕೈಗಳ ಒಂದು ವಿಕಾರ ಪ್ರಾಣಿ ಎದುರಾಗುತ್ತದೆ. ಅಲ್ಲಿ ನೀವು ಸೋಲಬೇಕು ಎಂದೇ ಕಥೆ ಬರೆದಿದ್ದಾರೆ, ತಲೆ ಕೆಡಿಸಿಕೊಳ್ಳಬೇಡಿ. ಸತ್ತು ಎದ್ದ ಮೇಲೆ ಒಂದು ಗುಹೆಯಲ್ಲಿರುತ್ತೀರಿ. ಅಲ್ಲಿ ಹಳ್ಳದ ಅಂಚಿನಲ್ಲಿ ಒಂದು ಆತ್ಮ ಕುರ್ಚಿಯ ಮೇಲೆ ಕೂತಿರುತ್ತದೆ. ಆ ಹಳ್ಳಕ್ಕೆ ಹಾರಿ. ಅಭ್ಯಾಸದ ಜಾಗ ಅಲ್ಲೇ ಇರುವುದು. ಹೊಡೆಯುವುದು, ತಡೆಯುವುದು, ಬಗ್ಗಿ ನಡೆಯುವುದು ಎಲ್ಲ ಅಲ್ಲಿ ಕಲಿಸುತ್ತಾರೆ. ಎಷ್ಟೋ ಜನ ಅದನ್ನು ನೋಡದೆ ನೇರ ಬಾಗಿಲಿಗೆ ಹೋಗಿಬಿಡುತ್ತಾರೆ.

ಯಾವ ಪಾತ್ರ ಆರಿಸಲಿ ಎನ್ನುವವರಿಗೆ ನನ್ನ ಉತ್ತರ ವ್ಯಾಗಬಾಂಡ್ ಅಥವಾ ಸಮುರಾಯ್. ವ್ಯಾಗಬಾಂಡ್‌ಗೆ ಒಳ್ಳೆ ಗುರಾಣಿ, ಗಟ್ಟಿ ಕವಚ ಇದೆ. ಸಮುರಾಯ್‌ಗೆ ಒಳ್ಳೆ ಕತ್ತಿಯ ಜೊತೆ ಬಿಲ್ಲೂ ಇದೆ. ದೂರ ನಿಂತು ಹೊಡೆಯುವುದೇ ಇಷ್ಟ ಎಂದರೆ ಮಂತ್ರ ಹಾಕುವ ಆಸ್ಟ್ರಾಲಜರ್ ತಗೊಳ್ಳಿ. ರೆಚ್ ಮಾತ್ರ ಬೇಡ. ಅವನದು ಲೆವೆಲ್ 1, ಕೈಯಲ್ಲಿ ಒಂದು ದೊಣ್ಣೆ, ಮೈಮೇಲೆ ಬಟ್ಟೆಯೂ ಸರಿಯಾಗಿಲ್ಲ. ಆಟ ಒಮ್ಮೆ ಮುಗಿಸಿದವರು ಅವನನ್ನು ಆಡಲಿ.

ಗುಹೆಯಿಂದ ಹೊರಗೆ ಬಂದರೆ ಲಿಮ್‌ಗ್ರೇವ್. ಹಸಿರು ಬಯಲು, ಆಕಾಶದ ತುಂಬ ಹೊಳೆಯುವ ಚಿನ್ನದ ಮರ. ಎದುರಿಗೆ ಓಡಾಡುವ ಕುದುರೆ ಸವಾರನ ಹೆಸರು ಟ್ರೀ ಸೆಂಟಿನೆಲ್. ಈ ಆಟದಲ್ಲಿ ತಪ್ಪಿಸಿಕೊಂಡು ಹೋಗುವುದೂ ಒಂದು ವಿದ್ಯೆ ಎಂದು ತೋರಿಸುವುದಕ್ಕೇ ಅವನನ್ನು ಅಲ್ಲಿ ನಿಲ್ಲಿಸಿದ್ದಾರೆ ಎಂದು ನನಗೆ ಅನ್ನಿಸುತ್ತದೆ. ಮರಗಳ ಮರೆಯಲ್ಲಿ ಸುತ್ತಿ ಬಳಸಿ ಚರ್ಚ್ ಆಫ್ ಎಲ್ಲೆಗೆ ಹೋಗಿ. ಅಲ್ಲಿ ಕಾಲೇ ಅನ್ನುವ ವ್ಯಾಪಾರಿ ಕೂತಿರುತ್ತಾನೆ. ಕ್ರಾಫ್ಟಿಂಗ್ ಕಿಟ್ 300 ರೂನ್, ಅದನ್ನು ಕೊಂಡುಕೊಳ್ಳಿ. ರೂನ್ ಅಂದರೆ ಈ ಆಟದ ದುಡ್ಡೂ ಹೌದು, ಲೆವೆಲ್ ಏರಿಸುವ ಬಂಡವಾಳವೂ ಹೌದು.

ಅಲ್ಲಿಂದ ಉತ್ತರಕ್ಕೆ ಗೇಟ್‌ಫ್ರಂಟ್. ಹಾಳುಬಿದ್ದ ಕಟ್ಟಡಗಳ ನಡುವೆ ಸೈನಿಕರು ಬೀಡುಬಿಟ್ಟಿರುತ್ತಾರೆ. ರಸ್ತೆ ಪಕ್ಕದ ಕಲ್ಲಿನ ಬುಡದಲ್ಲಿ ಮ್ಯಾಪ್ ಸಿಗುತ್ತದೆ. ಪ್ರತಿ ಪ್ರದೇಶಕ್ಕೂ ಇಂಥ ಕಲ್ಲು ಇದೆ. ಮ್ಯಾಪ್ ಖಾಲಿ ಇದ್ದಾಗಲೂ ಆ ಕಲ್ಲಿನ ಚಿಕ್ಕ ಗುರುತು ಮಾತ್ರ ಕಾಣುತ್ತದೆ. ಹೊಸ ಜಾಗಕ್ಕೆ ಹೋದರೆ ಮೊದಲ ಕೆಲಸ ಅಲ್ಲಿಗೆ ಓಡುವುದು. ಗೇಟ್‌ಫ್ರಂಟ್‌ನ ಗ್ರೇಸ್ ಹತ್ತಿರ, ಅಂದರೆ ಆ ಚಿನ್ನದ ಬೆಳಕಿನ ಹತ್ತಿರ ಕೂತರೆ ಮೆಲೀನಾ ಅನ್ನುವ ಹುಡುಗಿ ಬರುತ್ತಾಳೆ. ಅವಳ ಮಾತಿಗೆ ಒಪ್ಪಿ. ಲೆವೆಲ್ ಏರಿಸುವ ಅವಕಾಶವೂ, ಟಾರೆಂಟ್ ಅನ್ನುವ ಸವಾರಿಯೂ ಸಿಗುವುದು ಅವಳಿಂದಲೇ. ಟಾರೆಂಟ್ ಬಂದ ಮೇಲೆ ಮತ್ತೆ ಚರ್ಚ್ ಆಫ್ ಎಲ್ಲೆಗೆ ಹೋಗಿ. ಈ ಸಲ ಅಲ್ಲಿ ದೊಡ್ಡ ಟೋಪಿಯ ಮಾಟಗಾತಿ ಕೂತಿರುತ್ತಾಳೆ. ಬಾರಿಸುವ ಗಂಟೆಯೊಂದನ್ನು ಕೊಡುತ್ತಾಳೆ, ಅದರ ಜೊತೆ ಮೂರು ತೋಳಗಳನ್ನು ಕರೆಯುವ ಬೂದಿ.

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. "ತೋಳ ಕರೆದು ಗೆದ್ದರೆ ಅದು ಗೆಲುವಲ್ಲ" ಎಂದು ಹೇಳುವ ಹುಡುಗರು ಪ್ರತಿ ಗುಂಪಿನಲ್ಲೂ ಒಬ್ಬರು ಇರುತ್ತಾರೆ. ಅವರ ಮಾತು ಕೇಳಬೇಡಿ. ಆಟ ಮಾಡಿದವರೇ ಕೈಗೆ ಕೊಟ್ಟ ಸಾಧನ ಅದು. ಮೂರು ತೋಳ ಬಾಸ್‌ನ, ಅಂದರೆ ದೊಡ್ಡ ಎದುರಾಳಿಯ ಸುತ್ತ ಓಡುತ್ತಿದ್ದರೆ ನಿಮಗೆ ಉಸಿರಾಡಲು ಸಮಯ ಸಿಗುತ್ತದೆ. ಎದುರಾಳಿ ಹೇಗೆ ಹೊಡೆಯುತ್ತಾನೆ ಎಂದು ನೋಡಿ ಕಲಿಯಲು ಹೊಸಬರಿಗೆ ಬೇಕಾದ್ದು ಆ ಸಮಯವೇ. ಆಟಕ್ಕೆ ಬಂದವರೊಬ್ಬರು ಇಂಥ ಮಾತು ಕೇಳಿ ನಾಚಿಕೆಪಟ್ಟು ಬಿಟ್ಟು ಹೋದರೆ ನನಗೆ ನಿಜವಾಗಿ ಬೇಜಾರಾಗುತ್ತದೆ.

ಇನ್ನು ರೂನ್ ವಿಷಯ. ಸತ್ತರೆ ಕೈಲಿದ್ದ ರೂನ್ ಎಲ್ಲ ಸತ್ತ ಜಾಗದಲ್ಲೇ ಬೀಳುತ್ತದೆ. ವಾಪಸ್ ಹೋಗಿ ಎತ್ತಿಕೊಳ್ಳಬಹುದು. ಎತ್ತಿಕೊಳ್ಳುವ ಮುಂಚೆ ಮತ್ತೆ ಸತ್ತರೆ ಹೋಯಿತು. ಹಾಗಾಗಿ ಒಂದು ಲೆವೆಲ್‌ಗೆ ಆಗುವಷ್ಟು ಸೇರಿದ ಕೂಡಲೇ ಗ್ರೇಸ್‌ಗೆ ಹೋಗಿ ಖರ್ಚು ಮಾಡಿ. ದಾರಿಯಲ್ಲಿ ಸಿಗುವ ಗೋಲ್ಡನ್ ರೂನ್ ಅನ್ನುವ ವಸ್ತುಗಳನ್ನು ಮಾತ್ರ ಒಡೆಯದೆ ಹಾಗೇ ಚೀಲದಲ್ಲಿಡಿ. ಸತ್ತರೂ ಅವು ಹೋಗುವುದಿಲ್ಲ. ಲೆವೆಲ್‌ಗೆ ಸ್ವಲ್ಪ ಕಡಿಮೆ ಬಿದ್ದಾಗ ಒಡೆದುಕೊಂಡರಾಯಿತು.

ಲೆವೆಲ್ ಏರಿಸುವಾಗ ಯಾವುದಕ್ಕೆ ಹಾಕಬೇಕು? ವಿಗರ್. ಜೀವದ ಕೆಂಪು ಗೆರೆ ಉದ್ದವಾಗುವುದು ಅದರಿಂದ. ಹೊಸಬರೆಲ್ಲ ಹೊಡೆತ ಜೋರಾಗಲಿ ಎಂದು ಸ್ಟ್ರೆಂತ್‌ಗೋ ಡೆಕ್ಸ್ಟೆರಿಟಿಗೋ ಸುರಿಯುತ್ತಾರೆ, ಆಮೇಲೆ ಎರಡೇ ಏಟಿಗೆ ಸಾಯುತ್ತಾರೆ. ಲೆಕ್ಕ ನೋಡಿ. ವಿಗರ್ 10 ಇದ್ದಾಗ ಜೀವ 414. 25ಕ್ಕೆ 800. 40ಕ್ಕೆ 1,450. 60ಕ್ಕೆ 1,900. ಅಲ್ಲಿಂದ 99ರವರೆಗೆ ಹಾಕಿದರೂ ಬರುವುದು 2,100 ಅಷ್ಟೇ. 25ರಿಂದ 40ರ ನಡುವೆ ಎಷ್ಟು ಜಾಸ್ತಿ ಸಿಗುತ್ತದೆ ನೋಡಿದಿರಾ? ಮೊದಲ ದೊಡ್ಡ ಬಾಸ್ ಹತ್ತಿರ ಹೋಗುವ ಹೊತ್ತಿಗೆ ಕಡೇಪಕ್ಷ 20 ಇರಲಿ. ಆಟದ ಮಧ್ಯಕ್ಕೆ ಬರುವಷ್ಟರಲ್ಲಿ 40 ಮಾಡಿ. ಇದೊಂದು ವಿಷಯದಲ್ಲಿ ನನ್ನ ಮಾತು ಕಣ್ಣು ಮುಚ್ಚಿ ನಂಬಿ.

ಹಾಗಾದರೆ ಹೊಡೆತ ಜೋರಾಗುವುದು ಹೇಗೆ? ಆಯುಧದಿಂದ. ಶುರುವಿನಲ್ಲಿ ಒಂದೆರಡು ಲೆವೆಲ್ ಏರಿಸುವುದಕ್ಕಿಂತ ಕತ್ತಿಯನ್ನು ಒಂದು ಮೆಟ್ಟಿಲು ಏರಿಸಿದರೆ ಜಾಸ್ತಿ ಲಾಭ. ಅದಕ್ಕೆ ಸ್ಮಿಥಿಂಗ್ ಸ್ಟೋನ್ ಬೇಕು. ಮೊದಲ ಮೂರು ಮೆಟ್ಟಿಲಿಗೆ 2, 4, 6 ಕಲ್ಲು, ಒಟ್ಟು 12. ಅಷ್ಟನ್ನು ಚರ್ಚ್ ಆಫ್ ಎಲ್ಲೆಯಲ್ಲಿರುವ ಕಮ್ಮಾರರ ಅಡಿಗಲ್ಲಿನ ಮೇಲೆ ನೀವೇ ಮಾಡಿಕೊಳ್ಳಬಹುದು. ಆಮೇಲಿನದಕ್ಕೆ ರೌಂಡ್‌ಟೇಬಲ್ ಹೋಲ್ಡ್‌ನ ಕಮ್ಮಾರ ಹ್ಯೂಗ್ ಹತ್ತಿರ ಹೋಗಬೇಕು. ಕಲ್ಲು ಬೇಕಾದರೆ ಗಣಿಗಳಿಗೆ ಇಳಿಯಿರಿ. ಮ್ಯಾಪ್‌ನಲ್ಲಿ ಕಿತ್ತಳೆ ಉಂಗುರದ ನಡುವೆ ಕಪ್ಪು ಚುಕ್ಕಿ ಕಂಡರೆ ಅದು ಗಣಿ.

ಆಯುಧದ ವಿವರದಲ್ಲಿ ಎಸ್, ಎ, ಬಿ, ಸಿ, ಡಿ, ಇ ಎಂದು ಅಕ್ಷರಗಳಿರುತ್ತವೆ. ಇದನ್ನು ಬಿಡಿಸಿ ಹೇಳಲೇಬೇಕು. ಆಟದಲ್ಲಿ ಕನ್ನಡ ಇಲ್ಲ, ಇಂಗ್ಲಿಷ್ ವಿವರಣೆಯೂ ಸುಲಭವಾಗಿಲ್ಲ, ನಮ್ಮ ಹುಡುಗರು ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತಾರೆ. ನಿಮ್ಮ ಸ್ಟ್ರೆಂತ್, ಡೆಕ್ಸ್ಟೆರಿಟಿ ಏರಿದಾಗ ಆ ಆಯುಧಕ್ಕೆ ಅದರಿಂದ ಎಷ್ಟು ಉಪಯೋಗ ಎಂದು ಆ ಅಕ್ಷರ ಹೇಳುತ್ತದೆ. ಎಸ್ ಎಲ್ಲಕ್ಕಿಂತ ಮೇಲೆ, ಇ ಎಲ್ಲಕ್ಕಿಂತ ಕೆಳಗೆ. ಡೆಕ್ಸ್ಟೆರಿಟಿ ಎದುರು ಇ ಇರುವ ಕತ್ತಿ ಹಿಡಿದು ಡೆಕ್ಸ್ಟೆರಿಟಿಗೆ ರೂನ್ ಸುರಿದರೆ ಸುಮ್ನೆ ದಂಡ. ಪಕ್ಕದಲ್ಲೇ ಆಯುಧ ಹಿಡಿಯಲು ಕನಿಷ್ಠ ಎಷ್ಟಿರಬೇಕು ಎಂಬ ಸಂಖ್ಯೆಯೂ ಇದೆ. ಅಷ್ಟಿಲ್ಲದಿದ್ದರೆ ಎಷ್ಟೇ ಚೆಂದದ ಆಯುಧವಾದರೂ ಕೈಗೆ ಬಂದ ಪ್ರಯೋಜನವಿಲ್ಲ.

ಮೈಮೇಲಿನ ತೂಕವನ್ನೂ ಗಮನಿಸಿ. ಹೊರುವ ಶಕ್ತಿಯ ಶೇ. 70ಕ್ಕಿಂತ ಕೆಳಗಿದ್ದರೆ ರೋಲ್, ಅಂದರೆ ಏಟು ತಪ್ಪಿಸಿಕೊಳ್ಳಲು ಉರುಳುವುದು, ಸರಿಯಾಗಿ ಬರುತ್ತದೆ. 70 ಮುಟ್ಟಿತೋ, ಮೂಟೆ ಬಿದ್ದ ಹಾಗೆ ಧೊಪ್ಪೆಂದು ಬೀಳುತ್ತೀರಿ.

ರೋಲ್ ಬಗ್ಗೆ ಒಂದು ಸೂಕ್ಷ್ಮ ಇದೆ. ಓಡುವುದಕ್ಕೂ ರೋಲ್‌ಗೂ ಒಂದೇ ಬಟನ್. ಒತ್ತಿ ಹಿಡಿದರೆ ಓಟ. ಹಾಗಾಗಿ ರೋಲ್ ಆಗುವುದು ಬಟನ್ ಒತ್ತಿದಾಗ ಅಲ್ಲ, ಬಿಟ್ಟಾಗ. "ನಾನು ಒತ್ತಿದೆ, ಆದ್ರೂ ಏಟು ಬಿತ್ತು" ಎನ್ನುವವರು ಬಟನ್ ಮೇಲೆ ಬೆರಳು ಅದುಮಿಕೊಂಡು ಕೂತಿರುತ್ತಾರೆ. ಟಕ್ ಎಂದು ಒತ್ತಿ ಬಿಡಿ. ಗಾಬರಿಯಲ್ಲಿ ನಾಲ್ಕೈದು ಸಲ ಒತ್ತಲೂಬೇಡಿ. ಮೊದಲಿನದು ಮುಗಿಯುವ ಹೊತ್ತಿಗೆ ಒತ್ತಿದ್ದನ್ನೂ ಆಟ ನೆನಪಿಟ್ಟುಕೊಂಡು ಇನ್ನೊಂದು ರೋಲ್ ಹೊಡೆಸುತ್ತದೆ, ಅಷ್ಟರಲ್ಲಿ ದಮ್ಮಿನ ಹಸಿರು ಗೆರೆ ಖಾಲಿಯಾಗಿರುತ್ತದೆ. ಏಟಿನಿಂದ ದೂರ ಓಡುವ ಬದಲು ಏಟು ಬರುವ ಕಡೆಗೇ, ಎದುರಾಳಿಯ ಪಕ್ಕಕ್ಕೆ ಉರುಳಿ. ಶುರುವಿನಲ್ಲಿ ಭಯವಾಗುತ್ತದೆ, ಆದರೆ ಅಲ್ಲೇ ಬದುಕುವುದು.

ಈಗ ಮೊದಲ ದೊಡ್ಡ ಬಾಸ್ ಮಾರ್ಗಿಟ್. ಗ್ರೇಸ್‌ನಿಂದ ಹೊರಡುವ ಬೆಳಕಿನ ಗೆರೆ ಸೀದಾ ಇವನ ಕಡೆ ತೋರಿಸುತ್ತದೆ. ಕಥೆಯ ದಾರಿ ಅದು, ನಿಜ. ಆದರೆ ಈಗಲೇ ಬಾ ಎಂದು ಅದರ ಅರ್ಥವಲ್ಲ. ಮೊದಲು ಸೇತುವೆ ದಾಟಿ ದಕ್ಷಿಣಕ್ಕೆ, ವೀಪಿಂಗ್ ಪೆನಿನ್ಸುಲಾ ಕಡೆ ಹೋಗಿ. ಅಲ್ಲಿನ ಮೂರು ಚರ್ಚ್‌ಗಳಲ್ಲೂ ಒಂದೊಂದು ಸೇಕ್ರೆಡ್ ಟಿಯರ್ ಇದೆ. ಅದರಿಂದ ಜೀವ ತುಂಬುವ ಕೆಂಪು ಸೀಸೆಯ ಔಷಧಿಯ ಒಂದೊಂದು ಗುಟುಕಿನ ಶಕ್ತಿ ಜಾಸ್ತಿಯಾಗುತ್ತದೆ. ದಾರಿಯಲ್ಲಿ ಹೊಳೆಯುವ ಪುಟ್ಟ ಚಿನ್ನದ ಗಿಡ ಕಂಡರೆ ಬಿಡಬೇಡಿ. ಅದರಿಂದ ಸಿಗುವ ಬೀಜದಿಂದ ಗುಟುಕಿನ ಸಂಖ್ಯೆ ಏರುತ್ತದೆ. ಮಂತ್ರ ಹಾಕದವರು ಮಂತ್ರಶಕ್ತಿ ತುಂಬುವ ನೀಲಿ ಸೀಸೆಯನ್ನೂ ಗ್ರೇಸ್‌ನಲ್ಲಿ ಕೂತು ಕೆಂಪಿಗೆ ಬದಲಾಯಿಸಿಕೊಳ್ಳಿ. ತೋಳ ಕರೆಯಲು ಬೇಕಾಗುವ ನೀಲಿ ಗೆರೆ ಗ್ರೇಸ್‌ನಲ್ಲಿ ಕೂತರೆ ಹೇಗೂ ತುಂಬುತ್ತದೆ.

ಅಗೀಲ್ ಕೆರೆಯ ಪಕ್ಕದ ಹಾಳು ಕಟ್ಟಡದ ನೆಲಮಾಳಿಗೆಯಲ್ಲಿ ಒಂದು ಪೆಟ್ಟಿಗೆ ಇದೆ. ತೆರೆದರೆ ಹೊಗೆ ಬಂದು ನಿಮ್ಮನ್ನು ಎತ್ತಿಕೊಂಡು ಹೋಗಿ ಕೇಲಿಡ್ ಎಂಬ ಭಯಂಕರ ನಾಡಿನ ಗಣಿಯೊಳಗೆ ಹಾಕುತ್ತದೆ. ಎಷ್ಟೋ ಹುಡುಗರು ನನಗೆ ರಾತ್ರಿ ಹೊತ್ತಲ್ಲಿ ಫೋನ್ ಮಾಡುವುದು ಇಲ್ಲಿಂದಲೇ. ಗಣಿಯೊಳಗಿಂದ ಮ್ಯಾಪ್ ತೆಗೆದು ಬೇರೆ ಕಡೆ ಹಾರಲು ಆಗುವುದಿಲ್ಲ. ಯಾರ ಜೊತೆಗೂ ಜಗಳಕ್ಕೆ ನಿಲ್ಲದೆ, ಬಗ್ಗಿ ನಡೆದು, ಬಾಗಿಲು ಸಿಗುವವರೆಗೆ ಹೋಗಿ. ಹೊರಗೆ ಕಾಲಿಟ್ಟ ಮೇಲೆ ಮ್ಯಾಪ್ ತೆಗೆದು ಲಿಮ್‌ಗ್ರೇವ್‌ಗೆ ವಾಪಸ್ ಬನ್ನಿ.

ಮಾರ್ಗಿಟ್ ಹತ್ತಿರ ಬಂದಾಗ ಅವನ ಕೋಲನ್ನು ನೋಡಿ. ಮೇಲೆತ್ತಿ ಹಾಗೇ ಹಿಡಿದು ನಿಲ್ಲುತ್ತಾನೆ. ಎತ್ತಿದ ಕೂಡಲೇ ರೋಲ್ ಹೊಡೆಯಲಿ ಎಂದೇ ಕಾಯುತ್ತಾನೆ. ಕೈ ಕೆಳಗಿಳಿಯುವುದನ್ನು ನೋಡಿ ಉರುಳಿ. ದೂರ ನಿಂತು ಔಷಧಿ ಕುಡಿಯಲು ಹೋದರೆ ಚಿನ್ನದ ಬಣ್ಣದ ಬಾಕು ಎಸೆಯುತ್ತಾನೆ, ಆದ್ದರಿಂದ ಅವನ ದೊಡ್ಡ ಹೊಡೆತ ಮುಗಿದ ತಕ್ಷಣ ಕುಡಿಯಿರಿ. ಮಂಜಿನ ಬಾಗಿಲ ಹತ್ತಿರ ನೆಲದ ಮೇಲೆ ಚಿನ್ನದ ಗುರುತು ಇರುತ್ತದೆ, ಮುಟ್ಟಿದರೆ ರೋಜಿಯರ್ ಎಂಬ ಮಂತ್ರವಾದಿ ಜೊತೆಗೆ ಬರುತ್ತಾನೆ. ಅಷ್ಟೂ ಸಾಲದಿದ್ದರೆ ಮರ್ಕ್‌ವಾಟರ್ ಗುಹೆಯ ಪ್ಯಾಚಸ್ 5,000 ರೂನ್‌ಗೆ ಮಾರ್ಗಿಟ್‌ನ ಸಂಕೋಲೆ ಮಾರುತ್ತಾನೆ. ಅದು ಇವನನ್ನು ಸ್ವಲ್ಪ ಹೊತ್ತು ನೆಲಕ್ಕೆ ಒತ್ತಿ ಹಿಡಿಯುತ್ತದೆ. ಪ್ಯಾಚಸ್ ಮೊದಲು ಜಗಳಕ್ಕೆ ಬರುತ್ತಾನೆ, ಅರ್ಧಕ್ಕೆ ಶರಣಾಗುತ್ತಾನೆ. ಆಗ ಕೈ ನಿಲ್ಲಿಸಿ. ಕೊಂದರೆ ಅವನ ಅಂಗಡಿ ತೆರೆಯುವುದಿಲ್ಲ.

ಕಂಪ್ಯೂಟರ್ ಬಗ್ಗೆಯೂ ಕೇಳುತ್ತಾರೆ. ಕಂಪನಿ ಹೇಳುವ ಕನಿಷ್ಠ ಲೆಕ್ಕ 12 ಜಿಬಿ ರ್‍ಯಾಮ್, 3 ಜಿಬಿಯ ಜಿಟಿಎಕ್ಸ್ 1060 ಗ್ರಾಫಿಕ್ಸ್ ಕಾರ್ಡ್, 60 ಜಿಬಿ ಜಾಗ. 8 ಜಿಬಿಯ ಕಾಲೇಜು ಲ್ಯಾಪ್‌ಟಾಪ್ ಇದ್ದರೆ ಮೊದಲು ರ್‍ಯಾಮ್ ಹಾಕಿಸಿ, ಆಮೇಲೆ ಆಟ ಕೊಳ್ಳಿ. ಕೀಬೋರ್ಡ್‌ಗಿಂತ ಕಂಟ್ರೋಲರ್ ವಾಸಿ. ಅಮ್ಮ ಊಟಕ್ಕೆ ಕರೆದರೆ ಮೆನು ತೆರೆದಿಟ್ಟು ಎದ್ದು ಹೋಗಬೇಡಿ, ಮೆನು ತೆರೆದಿದ್ದರೂ ಶತ್ರುಗಳು ಹೊಡೆಯುತ್ತಲೇ ಇರುತ್ತಾರೆ. ಮೇನ್ ಮೆನುಗೆ ಹೊರಬನ್ನಿ, ನಿಂತ ಜಾಗದಲ್ಲೇ ಸೇವ್ ಆಗಿರುತ್ತದೆ. ಪದೇ ಪದೇ ಕರೆಂಟ್ ಹೋಗುವ ಕಡೆ ಇರುವವರು ಸೇವ್ ಫೋಲ್ಡರ್ ಅನ್ನು ಆಗಾಗ ಪೆನ್‌ಡ್ರೈವ್‌ಗೆ ಕಾಪಿ ಮಾಡಿಟ್ಟುಕೊಳ್ಳಿ.

2024ರ ಜೂನ್ 21ರಂದು ಬಂದ ಶಾಡೋ ಆಫ್ ದಿ ಎರ್ಡ್‌ಟ್ರೀ ಎಂಬ ಹೆಚ್ಚುವರಿ ಭಾಗ ಈಗಲೇ ಬೇಕಾಗಿಲ್ಲ. ರಾಡಾನ್, ಮೋಗ್ ಎಂಬ ಇಬ್ಬರು ಬಾಸ್‌ಗಳನ್ನೂ ಸೋಲಿಸಿದವರಿಗಷ್ಟೇ ಅದು ತೆರೆಯುತ್ತದೆ. ನೈಟ್‌ರೇನ್ ಅನ್ನುವುದು ಬೇರೆಯೇ ಆಟ, ಹೆಸರು ನೋಡಿ ಗೊಂದಲ ಮಾಡಿಕೊಳ್ಳಬೇಡಿ.

ಮಾರ್ಗಿಟ್ ಬಿದ್ದ ಮೇಲೆ ಸ್ಟಾರ್ಮ್‌ವೇಲ್ ಕೋಟೆ. ಬಾಗಿಲಲ್ಲಿ ಗೋಸ್ಟಾಕ್ ಎಂಬ ಕಾವಲುಗಾರ ಸಿಗುತ್ತಾನೆ. ಮುಂಬಾಗಿಲು ಬೇಡ, ಪಕ್ಕದ ಸಂದಿಯಿಂದ ಹೋಗು ಎನ್ನುತ್ತಾನೆ. ಅದು ಸರಿಯಾದ ಮಾತು, ಮುಂಬಾಗಿಲಿನಲ್ಲಿ ದೊಡ್ಡ ದೊಡ್ಡ ಬಾಣಯಂತ್ರಗಳು ಕಾಯುತ್ತಿರುತ್ತವೆ. ಆದರೆ ಕೋಟೆಯೊಳಗೆ ನೀವು ಸತ್ತಾಗಲೆಲ್ಲ ಬಿದ್ದ ರೂನ್‌ನಲ್ಲಿ ಒಂದು ಪಾಲು ಕದಿಯುವವನೂ ಇವನೇ. ಒಳಗೆ ಹೋಗುವ ಮುಂಚೆ ಗ್ರೇಸ್‌ನಲ್ಲಿ ಕೂತು ಕೈಲಿರುವುದನ್ನೆಲ್ಲ ವಿಗರ್‌ಗೆ ಹಾಕಿಬಿಡಿ.