ಗುಜರಿ ಎಂಜಿನ್, ಹೊಸ ಬಾಯ್ಲರ್

ನಮ್ಮ ಪುಟಾಣಿ ಹಬೆ ರೈಲು ಎಂಜಿನ್ನಿಗೆ ಬಚ್ಚಲುಮನೆಯ ತಾಮ್ರದ ಹಂಡೆಯನ್ನೇ ಬಾಯ್ಲರ್ ಮಾಡೋಣ ಎಂದು ಭಾವಮೈದ ಹೇಳಿದಾಗ ನನಗೆ ರೇಗಿತು. ಹಂಡೆ ಅಜ್ಜಿ ಕಾಲದ್ದು. ಸೋಲಾರ್ ಬಂದ ಮೇಲೆ ಮೂಲೆ ಸೇರಿತ್ತು. ಸುಮ್ನೆ ಬಿದ್ದಿರುವ ತಾಮ್ರ, ಉಪಯೋಗಕ್ಕೆ ಬರಲಿ ಅನ್ನುವುದು ಅವನ ವಾದ. ಅವನ ಮಟ್ಟಿಗೆ ಅದು ಸರಿಯೇ. ಅಲ್ಲಿಯವರೆಗೆ ಈ ಎಂಜಿನ್ನಿಗೆ ನಾವು ಅಂಗಡಿಯಿಂದ ಹೊಸದಾಗಿ ತಂದಿದ್ದು ಸ್ಕ್ರೂ ಮತ್ತು ಡ್ರಿಲ್ ಬಿಟ್ ಮಾತ್ರ. ಉಳಿದಿದ್ದೆಲ್ಲ ಸಕಲೇಶಪುರದ ಗುಜರಿ, ನೆಂಟರಿಷ್ಟರ ತೋಟದ ಶೆಡ್, ಹಾಸನದ ಲೇತ್ ಅಂಗಡಿಯ ಹಿಂದಿನ ರಾಶಿ, ಇಲ್ಲಿಂದ ಆಯ್ದು ತಂದದ್ದು.

ನಾವು ಕಟ್ಟುತ್ತಿದ್ದದ್ದು ಷೋಕೇಸಿನಲ್ಲಿ ಇಡುವ ರೈಲಲ್ಲ. 5 ಇಂಚು ಅಗಲದ ಹಳಿಯ ಮೇಲೆ ಬೆಂಕಿ, ನೀರು, ಹಬೆಯಿಂದಲೇ ಓಡುವ ಎಂಜಿನ್. 5 ಇಂಚು ಅಂದರೆ 127 ಮಿ.ಮೀ. ಹಾಸನದಲ್ಲಿ ಮೊದಲಿದ್ದ ಮೀಟರ್ ಗೇಜಿನ ಎಂಟನೇ ಒಂದು ಭಾಗಕ್ಕೆ ಹತ್ತಿರ. ಎಂಜಿನ್ ಹಿಂದೆ ಒಂದು ಟ್ರಾಲಿ ಇರುತ್ತದೆ. ಅದರ ಮೇಲೆ ಕೂತು, ಮುಂದಕ್ಕೆ ಕೈ ಚಾಚಿ ಓಡಿಸಬೇಕು. ಇಂಗ್ಲೆಂಡಿನಲ್ಲಿ ಇದು ಬಹಳ ಹಳೆಯ ಹುಚ್ಚು. ಇದಕ್ಕೆಂದೇ ಇರುವ ‘ಮಾಡೆಲ್ ಎಂಜಿನಿಯರ್’ ಪತ್ರಿಕೆ ಶುರುವಾಗಿದ್ದೇ 1898ರಲ್ಲಿ. ಅಲ್ಲಿ ಚಕ್ರದ ಎರಕ, ಸಿಲಿಂಡರ್ ಎರಕ ಎಲ್ಲ ಮನೆ ಬಾಗಿಲಿಗೇ ತರಿಸಿಕೊಳ್ಳಬಹುದು. ನಮ್ಮ ಕಡೆ ಅದೆಲ್ಲ ಎಲ್ಲಿ ಸಿಗಬೇಕು? ಆದರೆ ಕಾಫಿ ತೋಟಗಳ ಶೆಡ್ಡಿನಲ್ಲಿ ಏನುಂಟು ಏನಿಲ್ಲ!

ಚಕ್ರಗಳು ಹಿಟ್ಟಿನ ಗಿರಣಿಯ ಬೀಡು ಕಬ್ಬಿಣದ ಪುಲ್ಲಿಗಳು. ಬೀಡು ಲೇತ್‌ನಲ್ಲಿ ಚೆನ್ನಾಗಿ ಕೂರುತ್ತದೆ, ಕಪ್ಪು ಪುಡಿಯಾಗಿ ಉದುರುತ್ತದೆ, ಸಂಜೆ ಮೂಗು ಸೀನಿದರೆ ಅದೇ ಬರುತ್ತದೆ. ಎಂಜಿನ್ನಿನ ಚೌಕಟ್ಟು ಒಂದು ಹಳೆಯ ಪಂಪ್‌ಸೆಟ್ಟಿನ ಬೇಸ್ ಪ್ಲೇಟ್. ಅದೇ ಪಂಪಿನ ಗನ್ ಮೆಟಲ್ ಬುಷ್‌ಗಳನ್ನು ಬೋರ್ ಮಾಡಿ ಎರಡು ಸಿಲಿಂಡರ್ ತೆಗೆದೆವು. ಪಿಸ್ಟನ್ ರಾಡ್ ಸ್ಕೂಟರಿನ ಶಾಕ್ ಅಬ್ಸಾರ್ಬರಿನದು. ಕನ್ನಡಿಯಷ್ಟು ನುಣುಪಾದ ಆ ಕ್ರೋಮ್ ಕಡ್ಡಿ ಹೊಸದಾಗಿ ಮಾಡಿಸಿದರೂ ಅಷ್ಟು ಚೆನ್ನಾಗಿ ಬರುವುದಿಲ್ಲ. ನೀರು ತುಂಬುವ ಪಂಪಿನ ವಾಲ್ವ್ ತೋಟಕ್ಕೆ ಬೋರ್ಡೋ ಔಷಧಿ ಹೊಡೆಯುವ ಸ್ಪ್ರೇಯರಿನಿಂದ ಬಂತು. ಕನೆಕ್ಟಿಂಗ್ ರಾಡ್‌ಗೆ ಜೀಪಿನ ಪಟ್ಟೆ ಸ್ಪ್ರಿಂಗ್. ಅದು ಡ್ರಿಲ್ಲಿಗೆ ಜಗ್ಗುವ ವಸ್ತುವಲ್ಲ. ಕುಲುಮೆಯಲ್ಲಿ ಕೆಂಪಗೆ ಕಾಯಿಸಿ, ರಾತ್ರಿಯಿಡೀ ಬೂದಿಯಲ್ಲಿ ಹೂತಿಟ್ಟು, ನಿಧಾನವಾಗಿ ಆರಿಸಿದ ಮೇಲೆ ದಾರಿಗೆ ಬಂತು.

ಗುಜರಿಯಲ್ಲಿ ಸಿಗದ ಒಂದು ವಿಷಯ ಅಂದರೆ ಲೆಕ್ಕ. ಚಕ್ರಕ್ಕೆ ರಾಡ್ ಸಿಕ್ಕಿಸುವ ಕ್ರ್ಯಾಂಕ್ ಪಿನ್ ಎರಡೂ ಕಡೆ ಇರುತ್ತದೆ. ಎಡಗಡೆಯದಕ್ಕೂ ಬಲಗಡೆಯದಕ್ಕೂ 90 ಡಿಗ್ರಿ ಅಂತರ ಇರಬೇಕು. ಒಂದು ಪಿಸ್ಟನ್ ತುದಿ ಮುಟ್ಟಿ ಏನೂ ಮಾಡಲಾಗದೆ ನಿಂತಾಗ ಇನ್ನೊಂದು ತನ್ನ ಪೂರ್ತಿ ಬಲದಲ್ಲಿ ಇರುತ್ತದೆ. ಹಾಗಾಗಿ ಎಂಜಿನ್ ಎಲ್ಲಿ ನಿಂತರೂ ಮತ್ತೆ ಹೊರಡುತ್ತದೆ. ಚಕ್ರಗಳ ಎರಡೂ ಅಚ್ಚಿಗೆ (ಆಕ್ಸಲ್) ಈ ಕೋನ ಒಂದೇ ಇರಬೇಕು. ಕೂದಲೆಳೆಯಷ್ಟು ಹೆಚ್ಚುಕಮ್ಮಿಯಾದರೂ ಚಕ್ರಗಳನ್ನು ಜೋಡಿಸುವ ರಾಡ್ ಬಿಗಿಹಿಡಿಯುತ್ತದೆ. ಲೇತ್ ಯಜಮಾನರು ಇದಕ್ಕಾಗಿಯೇ ಕೋನ ತಪ್ಪದಂತೆ ಹಿಡಿದಿಡುವ ಒಂದು ಜಿಗ್ ಮಾಡಿದರು. ದುಡ್ಡು ಕೇಳಲಿಲ್ಲ. ಓಡುವ ದಿನ ಕರೀರಿ, ಅಷ್ಟು ಸಾಕು ಅಂದರು.

ಬಾಯ್ಲರ್ ಇಲ್ಲದೆಯೇ ಎಂಜಿನ್ನನ್ನು ಒಮ್ಮೆ ಗಾಳಿಯಲ್ಲಿ ಓಡಿಸಿ ನೋಡುವುದು ರೂಢಿ. ಪಂಕ್ಚರ್ ಅಂಗಡಿಗೆ ಒಯ್ದು ಕಂಪ್ರೆಸರ್ ಪೈಪ್ ಹಚ್ಚಿದೆವು. ಮರದ ತುಂಡುಗಳ ಮೇಲೆ ಎತ್ತಿಟ್ಟಿದ್ದ ಎಂಜಿನ್ ಎರಡು ಸಲ ಕೆಮ್ಮಿ ತಿರುಗತೊಡಗಿತು. ಒಂದು ಸುತ್ತಿಗೆ ನಾಲ್ಕು ‘ಛುಕ್’. ಎರಡು ಸಿಲಿಂಡರ್, ಪಿಸ್ಟನ್ನಿನ ಹಿಂದೊಮ್ಮೆ ಮುಂದೊಮ್ಮೆ, ಒಟ್ಟು ನಾಲ್ಕು. ಲಾರಿ ಟೈರ್ ಬಿಚ್ಚುತ್ತಿದ್ದ ಹುಡುಗ ಕೆಲಸ ಬಿಟ್ಟು ಬಂದು ಕುಕ್ಕರುಗಾಲಲ್ಲಿ ಕೂತ.

ಇಷ್ಟೆಲ್ಲ ಗುಜರಿಯಲ್ಲೇ ಆದ ಮೇಲೆ ಹಂಡೆಗೆ ಯಾಕೆ ಬೇಡ ಅಂದೆ? ಭಾವಮೈದನಿಗೆ ಹೇಳಿದ್ದನ್ನೇ ಇಲ್ಲೂ ಹೇಳುತ್ತೇನೆ. ಪಿಸ್ಟನ್ ರಾಡ್ ಮುರಿದರೆ ಎಂಜಿನ್ ನಿಲ್ಲುತ್ತದೆ. ಬಾಯ್ಲರ್ ಒಡೆದರೆ ಪಕ್ಕದಲ್ಲಿರುವವರ ಕಥೆ ಮುಗಿಯುತ್ತದೆ. ನಮ್ಮ ಬಾಯ್ಲರಿನ ಒತ್ತಡ 80 ಪಿಎಸ್‌ಐ, ಅಂದರೆ ಒಂದೊಂದು ಚದರ ಇಂಚಿನ ಮೇಲೆ 80 ಪೌಂಡ್. ಮನೆಯ ಕುಕ್ಕರ್ ಕೂಗುವುದು 15ರ ಆಸುಪಾಸಿನಲ್ಲಿ. 80ರಲ್ಲಿ ನೀರು ಕುದಿಯುವುದು 100 ಡಿಗ್ರಿಯಲ್ಲಲ್ಲ, ಸುಮಾರು 162 ಡಿಗ್ರಿಯಲ್ಲಿ. ಅಷ್ಟು ಕಾದ ನೀರಿನ ಒತ್ತಡ ಒಮ್ಮೆಲೇ ಇಳಿದರೆ ಹತ್ತನೇ ಒಂದು ಭಾಗಕ್ಕಿಂತ ಜಾಸ್ತಿ ನೀರು ತಕ್ಷಣ ಹಬೆಯಾಗುತ್ತದೆ. ಒಂದು ಲೀಟರ್ ನೀರು ಹಬೆಯಾದರೆ ಹೆಚ್ಚುಕಮ್ಮಿ 1,600 ಲೀಟರ್ ಜಾಗ ಕೇಳುತ್ತದೆ. ಹಂಡೆಯ ತಗಡಾದರೋ ಬಡಿದು ಬಡಿದು ತೆಳುವಾಗಿರುತ್ತದೆ. ಎಲ್ಲಿ ಎಷ್ಟು ದಪ್ಪ ಉಳಿದಿದೆ ಎಂದು ಯಾರಿಗೂ ಗೊತ್ತಿರುವುದಿಲ್ಲ.

ನಮ್ಮ ದೇಶದ ಬಾಯ್ಲರ್ ಕಾನೂನು 25 ಲೀಟರಿಗಿಂತ ಚಿಕ್ಕ ಬಾಯ್ಲರಿನ ಗೋಜಿಗೆ ಹೋಗುವುದಿಲ್ಲ. ನಮ್ಮದು ಹಿಡಿಯುವುದು ನಾಲ್ಕು ಲೀಟರ್. ಅಂದರೆ ಯಾವ ಇನ್‌ಸ್ಪೆಕ್ಟರೂ ಬಂದು ನೋಡುವುದಿಲ್ಲ. ಇನ್ನೂ ಹೆದರಬೇಕಾದ್ದು ಅದಕ್ಕೇ, ಅಲ್ವಾ? ಎಲ್ಲಕ್ಕೂ ‘ಏನೋ ಒಂದು ಅಡ್ಜಸ್ಟ್ ಮಾಡೋಣ’ ಅನ್ನುವ ನಮ್ಮ ಜಾಣತನ ನನಗೂ ಇಷ್ಟ. ಆದರೆ ಅದಕ್ಕೆ ಒಂದು ಗೆರೆ ಬೇಕು. ನಮ್ಮ ಎಂಜಿನ್ನಿನಲ್ಲಿ ಆ ಗೆರೆ ಬಾಯ್ಲರಿನ ಸುತ್ತ ಎಳೆದೆವು. ಗೆರೆಯ ಒಳಗೆ ಬರುವುದೆಲ್ಲ ಹೊಸದು, ಅಳೆದದ್ದು, ಬಿಲ್ ಇರುವುದು.

3 ಮಿ.ಮೀ. ದಪ್ಪದ ತಾಮ್ರದ ಕೊಳವೆ ಮತ್ತು ತಗಡು ಬೆಂಗಳೂರಿನಿಂದ ತಂದೆವು. ಬಿಲ್ ನೋಡಿ ಮನೆಯಲ್ಲಿ ಒಂದು ವಾರ ಮಾತುಕತೆ ಕಡಿಮೆಯಿತ್ತು. ತುದಿಯ ತಗಡುಗಳ ಅಂಚನ್ನು ಅಚ್ಚಿನ ಮೇಲಿಟ್ಟು ಬಡಿದು ಮಡಚಬೇಕು. ತಾಮ್ರದ ಸ್ವಭಾವ ಉಕ್ಕಿನದಕ್ಕೆ ಉಲ್ಟಾ. ಕೆಂಪಗೆ ಕಾಯಿಸಿ ನೀರಿಗೆ ಹಾಕಿದರೆ ಮೆತ್ತಗಾಗುತ್ತದೆ. ಬಡಿಯುತ್ತಾ ಹೋದಂತೆ ಗಟ್ಟಿಯಾಗುತ್ತದೆ. ಸುತ್ತಿಗೆಯ ಸದ್ದಿನಲ್ಲೇ ಅದು ತಿಳಿಯುತ್ತದೆ. ‘ದಪ್ ದಪ್’ ಅನ್ನುತ್ತಿದ್ದದ್ದು ‘ಟಣ್’ ಅಂದರೆ ನಿಲ್ಲಿಸಬೇಕು, ಮತ್ತೆ ಕಾಯಿಸಬೇಕು. ನಿಲ್ಲಿಸದಿದ್ದರೆ ಬಿರುಕು.

ಬೆಸುಗೆಯ ವಿಷಯದಲ್ಲಿ ಇನ್ನೊಂದು ಸುತ್ತು ಜಗಳವಾಯಿತು. ಮಾಮೂಲಿ ಸೀಸ-ತವರದ ಬೆಸುಗೆ ಕರಗುವುದು 183 ಡಿಗ್ರಿಗೆ. ಬಾಯ್ಲರಿನ ಒಳಗೇ 162 ಇದೆ. ಬೆಂಕಿಯ ಪಕ್ಕದಲ್ಲಿ ಆ ಇಪ್ಪತ್ತು ಡಿಗ್ರಿಯ ಭರವಸೆ ಯಾರು ಕೊಡುತ್ತಾರೆ? ಫ್ರಿಜ್ ರಿಪೇರಿಯವರು ತಾಮ್ರದ ಪೈಪಿಗೆ ಹಾಕುವ ರಂಜಕದ ರಾಡೂ ಬೇಡ. ಕಲ್ಲಿದ್ದಲಿನ ಗಂಧಕದ ಹೊಗೆ ತಾಗಿದರೆ ಅದು ತಿಂದುಹೋಗುತ್ತದೆ. ಮುಂದೆ ಯಾರೋ ಕಲ್ಲಿದ್ದಲು ಹಾಕುವುದಿಲ್ಲ ಎಂದು ಹೇಗೆ ಹೇಳುವುದು? ಕೊನೆಗೆ 600 ಡಿಗ್ರಿ ದಾಟಿದ ಮೇಲೆ ಕರಗುವ ಬೆಳ್ಳಿ ಬೆಸುಗೆಯೇ ಆಯಿತು. ಪೈಪು ತಿರುಪುವ ಬುಷ್‌ಗಳಿಗೆ ಸ್ಪ್ರೇಯರಿನ ಹಿತ್ತಾಳೆ ಎಷ್ಟು ಬೇಕಾದರೂ ಇತ್ತು. ಅದನ್ನೂ ಮುಟ್ಟಲಿಲ್ಲ. ಬಿಸಿ ನೀರಿನಲ್ಲಿ ಹಿತ್ತಾಳೆಯ ಸತು ವರ್ಷಗಟ್ಟಲೆ ಕರಗುತ್ತಾ ಹೋಗಿ ಬರೀ ಟೊಳ್ಳು ತಾಮ್ರ ಉಳಿಯುತ್ತದೆ. ಕಂಚು ಹಾಕಿದೆವು. ಭಾವಮೈದ ಅಷ್ಟು ಹೊತ್ತಿಗೆ ವಾದ ಮಾಡುವುದನ್ನೇ ಬಿಟ್ಟಿದ್ದ.

ತಣ್ಣೀರಿನ ಪರೀಕ್ಷೆಗೆ ಮಾತ್ರ ತೋಟದ ಸಾಮಾನೇ ಸರಿಹೋಯಿತು. ಬಾಯ್ಲರಿನಲ್ಲಿ ಗಾಳಿಯ ಗುಳ್ಳೆಯೂ ಉಳಿಯದಂತೆ ನೀರು ತುಂಬಿ, ಬೋರ್ಡೋ ಹೊಡೆಯುವ ರಾಕರ್ ಸ್ಪ್ರೇಯರ್ ಜೋಡಿಸಿ, ಕೈಯಲ್ಲಿ ಒತ್ತಿ 160ಕ್ಕೆ ಏರಿಸಿದೆವು. ಓಡಿಸುವ ಒತ್ತಡದ ಎರಡರಷ್ಟು. ನೀರು ಕುಗ್ಗುವುದಿಲ್ಲ, ಹಾಗಾಗಿ ಎಲ್ಲಾದರೂ ಬಿಟ್ಟುಕೊಟ್ಟರೂ ಸಿಡಿಯುವುದಿಲ್ಲ, ಚಿರ್ರೆಂದು ನೀರು ಬರುತ್ತದೆ ಅಷ್ಟೆ. ಒಂದು ಬುಷ್ಷಿನ ಬುಡದಲ್ಲಿ ಬೆವರು ಕಂಡಿತು. ಮತ್ತೆ ಕಾಯಿಸಿ, ಬೆಸೆದು, ಮತ್ತೆ ಒತ್ತಿದೆವು. ಈ ಸಲ ಒತ್ತಡದ ಮೀಟರಿನ ಮುಳ್ಳು ಅರ್ಧ ಗಂಟೆ ಅಲ್ಲಾಡಲಿಲ್ಲ.

ಹಬೆ ಹಾಕಿದ್ದು ಮಾರ್ಚಿನ ಒಂದು ಭಾನುವಾರ. ಕಾಫಿ ಕುಯ್ಲು ಮುಗಿದು ಕಣ ಖಾಲಿಯಾಗಿತ್ತು. ಸಿಮೆಂಟಿನ ಕಾಫಿ ಕಣಕ್ಕಿಂತ ಒಳ್ಳೆಯ ಜಾಗ ಬೇರೆ ಇಲ್ಲ. ನೀರು ಹರಿದು ಹೋಗಲಿ ಎಂದು ಒಂದು ಕಡೆಗೆ ಕೊಂಚ ಇಳಿಜಾರು ಬಿಟ್ಟಿರುತ್ತಾರೆ, ಅಷ್ಟೆ. ‘ಇದೇ ನಮ್ಮ ಘಾಟಿ ಸೆಕ್ಷನ್’ ಅಂದ ಭಾವಮೈದ. ಸಕಲೇಶಪುರದಿಂದ ಸುಬ್ರಹ್ಮಣ್ಯಕ್ಕೆ ಇಳಿಯುವ ಹಳಿಯ ಇಳಿಜಾರು 50ಕ್ಕೆ 1. ನಮ್ಮ ಕಣದ್ದು ಅದರ ಹತ್ತಿರಕ್ಕೂ ಬರುವುದಿಲ್ಲ. ಆದರೂ ಅವನು ಸ್ಪಿರಿಟ್ ಲೆವೆಲ್ ಇಟ್ಟು ಗಂಭೀರವಾಗಿ ನೋಡಿದ. ಪಟ್ಟೆ ಕಬ್ಬಿಣವನ್ನು ಅಂಚಿನ ಮೇಲೆ ನಿಲ್ಲಿಸಿ ಆಂಗಲ್‌ಗಳಿಗೆ ಬೆಸೆದ ಹಳಿಯನ್ನು ಕಣದ ಉದ್ದಕ್ಕೂ ಹಾಸಿದೆವು.

ನೀರಿಗೆ ಚಾವಣಿಯಿಂದ ಹಿಡಿದಿಟ್ಟ ಮಳೆನೀರು. ಬೋರ್‌ವೆಲ್ಲಿನದಾದರೆ ಬಾಯ್ಲರಿನೊಳಗೆ ಸುಣ್ಣ ಕಟ್ಟುತ್ತದೆ. ಬೆಂಕಿಗೆ ಅರಸೀಕೆರೆ ಕಡೆಯಿಂದ ತಂದ ತೆಂಗಿನ ಚಿಪ್ಪಿನ ಇದ್ದಿಲು. ಒಳ್ಳೆಯ ಶಾಖ, ಹೊಗೆ ಕಡಿಮೆ. ಆದರೆ ಬೇಗ ಉರಿದುಹೋಗುತ್ತದೆ, ಪುಟಾಣಿ ಚಮಚದಲ್ಲಿ ಹಾಕುತ್ತಲೇ ಇರಬೇಕು. ಕಿಡಿ ಹಾರುವ ಭಯಕ್ಕೆ ಕಣದ ಪಕ್ಕದ ಕಾಫಿ ಹೊಟ್ಟನ್ನು ಮೊದಲೇ ದೂರ ಸಾಗಿಸಿದ್ದೆವು.

ತಣ್ಣಗಿರುವ ಎಂಜಿನ್ನಿನಲ್ಲಿ ಬೆಂಕಿ ತಾನಾಗಿ ಏಳುವುದಿಲ್ಲ. ಓಡುವಾಗ ಸಿಲಿಂಡರಿನಿಂದ ಬರುವ ಹಬೆ ಚಿಮಣಿಯ ಮೂಲಕ ಚಿಮ್ಮಿ ಗಾಳಿಯನ್ನು ಎಳೆಯುತ್ತದೆ. ಜಾಸ್ತಿ ಎಳೆದಷ್ಟೂ ಬೆಂಕಿ ಜಾಸ್ತಿ. ಎಂಜಿನ್ ದುಡಿದಷ್ಟೂ ತನ್ನ ಒಲೆಯನ್ನು ತಾನೇ ಊದಿಕೊಳ್ಳುತ್ತದೆ. ಹಬೆಯೇ ಇಲ್ಲದಾಗ ಅದನ್ನು ಬೇರೆಯವರು ಮಾಡಬೇಕು. ಕುಲುಮೆಯ ಕೈ ಬ್ಲೋವರಿನ ಗಾಳಿ ಹೀರುವ ಬಾಯಿಗೆ ತಗಡಿನ ಕೊಳವೆ ಕಟ್ಟಿ ಚಿಮಣಿಯ ಮೇಲೆ ಕೂರಿಸಿದೆವು. ಅಕ್ಕನ ಮಗ ತಿರುಗಿಸುತ್ತಾ ಕೂತ.

ಮೊದಲು ಏನೂ ಆಗಲಿಲ್ಲ. ಕೆಲಸದವರ ಮನೆಯ ಮಕ್ಕಳು ಬೇಜಾರಾಗಿ ಗೋಲಿ ಆಡಲು ಹೋದರು. ಆಮೇಲೆ ಬಾಯ್ಲರಿನೊಳಗೆ ಸಣ್ಣಗೆ ಗುಂಯ್ ಶುರುವಾಯಿತು. ಮುಳ್ಳು ಸೊನ್ನೆಯಿಂದ ಎದ್ದಿತು. 20 ಆದಾಗ ಕೊಳವೆ ತೆಗೆದು ಚಿಮಣಿಗೆ ಹಬೆ ಊದುವ ಎಂಜಿನ್ನಿನದೇ ಬ್ಲೋವರ್ ವಾಲ್ವ್ ಬಿಟ್ಟೆ. ಅಲ್ಲಿಂದ ಮುಂದೆ ಮುಳ್ಳು ನೋಡನೋಡುತ್ತಲೇ ಏರಿತು. 80ಕ್ಕೆ ಸೇಫ್ಟಿ ವಾಲ್ವ್ ಭುಸ್ಸೆಂದು ಎದ್ದಾಗ ಸುತ್ತ ನಿಂತವರೆಲ್ಲ ಓಡಿದರು. ಲೇತ್ ಯಜಮಾನರೂ ಓಡಿದರು. ನಾನು ಮಾತ್ರ ಓಡುವ ಹಾಗಿರಲಿಲ್ಲ. ಬೆಂಕಿ ಪೂರ್ತಿ ಉರಿಯುತ್ತಿದ್ದರೂ ಆ ವಾಲ್ವ್ ಒಂದೇ ಒತ್ತಡವನ್ನು ತಡೆದು ಹಿಡಿಯಬೇಕು, 88 ದಾಟಬಾರದು. ಬ್ಲೋವರನ್ನು ಪೂರ್ತಿ ಬಿಟ್ಟು ನೋಡಿದೆ. 84ರಲ್ಲಿ ನಿಂತಿತು. ಆವತ್ತು ನಿಜವಾಗಿ ಖುಷಿಯಾಗಿದ್ದು ನನಗೆ ಆಗಲೇ.

ಸಿಲಿಂಡರಿಗೆ ಹಬೆ ಬಿಡುವ ರೆಗ್ಯುಲೇಟರ್ ತೆಗೆದ ಕೂಡಲೇ ಎಂಜಿನ್ ಹೊರಡಲಿಲ್ಲ. ತಣ್ಣನೆಯ ಸಿಲಿಂಡರಿನಲ್ಲಿ ಹಬೆ ನೀರಾಗುತ್ತದೆ. ಆ ನೀರು ಪಿಸ್ಟನ್ನಿಗೆ ಅಡ್ಡ ಸಿಕ್ಕಿದರೆ ಸಿಲಿಂಡರಿನ ಮುಚ್ಚಳವೇ ಹೋದೀತು. ಅದಕ್ಕೆ ಕೆಳಗೆ ನಲ್ಲಿಗಳಿರುತ್ತವೆ. ಅವನ್ನು ಬಿಟ್ಟುಕೊಂಡು ಕೈಯಲ್ಲಿ ಹಿಂದೆ ಮುಂದೆ ತಳ್ಳಿದೆವು. ಎರಡೂ ಕಡೆ ಹಬೆ, ನೀರು, ಎಣ್ಣೆ. ಚಿಮಣಿಯಿಂದ ಹಾರಿದ ಕರಿ ನೀರು ಭಾವಮೈದನ ಬಿಳಿ ಅಂಗಿಯ ಮೇಲೆ ಬಿತ್ತು. ಎಂಜಿನ್ನಿಗೆ ಹಬೆ ಹಾಕುವ ದಿನ ಬಿಳಿ ಅಂಗಿ ಯಾಕೆ ಹಾಕಿಕೊಂಡು ಬಂದ ಎನ್ನುವುದು ಇವತ್ತಿಗೂ ಗೊತ್ತಿಲ್ಲ. ಆಮೇಲೆ ಚಕ್ರ ಒಮ್ಮೆ ಜಾರಿ, ಹಿಡಿದು, ಹೊರಟಿತು. ಟ್ರಾಲಿಯಲ್ಲಿ ನಾನು, ಹಿಂದೆ ಅಕ್ಕನ ಮಗ. ಕಣದ ಕೊನೆಯವರೆಗೆ ನಾಲ್ಕು ನಾಲ್ಕರ ಆ ಛುಕ್ ಎಲ್ಲೂ ಕುಂಟಲಿಲ್ಲ.

ಅಪ್ಪ ನೆರಳಲ್ಲಿ ಕುರ್ಚಿ ಹಾಕಿಸಿಕೊಂಡಿದ್ದರು. ಹಾಸನದಿಂದ ಹೊಳೆನರಸೀಪುರದ ಮೇಲೆ ಮೈಸೂರಿಗೆ ಹಬೆ ರೈಲಿನಲ್ಲಿ ಓದಲು ಹೋಗಿ ಬಂದವರು. ಕಿಟಕಿ ಪಕ್ಕ ಕೂತರೆ ಕಣ್ಣಿಗೆ ಇದ್ದಿಲ ಪುಡಿ ಬೀಳುತ್ತಿತ್ತು ಎಂದು ನೂರು ಸಲ ಹೇಳಿದ್ದಾರೆ. ಎಲ್ಲ ನೋಡಿ, ‘ಸೀಟಿ ಹಾಕು’ ಅಂದರು. ಹಾಕಿದೆ. ‘ಇದೇನೋ, ಬೇಳೆ ಬೆಂದ ಹಂಗೆ ಕೂಗ್ತದಲ್ಲೋ’ ಅಂದರು. ಮಾತು ಸರಿಯೇ. ಸೀಟಿಯ ಕೊಳವೆ ಗಿಡ್ಡವಾದಷ್ಟೂ ಸ್ವರ ಕೀಚಲು. ದೊಡ್ಡ ಎಂಜಿನ್ನಿನ ದನಿ ಬೇಕಾದರೆ ಉದ್ದ ಕೊಳವೆ ಮಾಡಿ ಚೌಕಟ್ಟಿನ ಅಡಿಯಲ್ಲಿ ಅಡಗಿಸಬೇಕು. ಮಾಡುತ್ತೇನೆ ಅಂದೆ.

ಮಕ್ಕಳು ಗೋಲಿ ಬಿಟ್ಟು ಸಾಲು ನಿಂತರು. ಮಧ್ಯಾಹ್ನದ ಊಟ ಸಂಜೆ ಆಯಿತು. ಬೆಂಕಿ ಕೆಡವಿ, ಒತ್ತಡ ಸ್ವಲ್ಪ ಇರುವಾಗಲೇ ಬಾಯ್ಲರಿನ ತಳದ ನೀರನ್ನು ಹೊರಗೆ ಹೊಡೆಸಿ, ಎಲ್ಲಕ್ಕೂ ಎಣ್ಣೆ ಹಚ್ಚಿದೆವು. ಹಂಡೆ ಈಗಲೂ ಬಚ್ಚಲುಮನೆಯ ಮೂಲೆಯಲ್ಲೇ ಇದೆ.

ಸೀಟಿಗಿಂತ ಮೊದಲು ಟ್ರಾಲಿಗೆ ಬ್ರೇಕ್ ಆಗಬೇಕು. ಇಳಿಜಾರಿನ ಕೊನೆಯಲ್ಲಿ ಎಲ್ಲರೂ ಚಪ್ಪಲಿ ಒತ್ತಿ ನಿಲ್ಲಿಸುತ್ತಿದ್ದೇವೆ. ಭಾವಮೈದ ಗುಜರಿಯಲ್ಲಿ ಹಳೆಯ ಮೊಪೆಡ್ಡಿನ ಬ್ರೇಕ್ ಡ್ರಮ್ ನೋಡಿಟ್ಟು ಬಂದಿದ್ದಾನೆ. ಡ್ರಮ್ ತಗೋ, ಬ್ರೇಕ್ ಶೂ ಮಾತ್ರ ಹೊಸದು ಹಾಕೋಣ ಅಂದಿದ್ದೇನೆ.